ರೆಸಿಪಿ ಇಲ್ಲದೆ ಪಾಸ್ತಾ, ಸಲಾಡ್: ಇದ್ದಿದ್ದರಲ್ಲೇ ಮಾಡುವವರು ಹೇಳಿ

ಕೇಳಿದ್ದು

ಓದಲು ಇಟಲಿಯ ಟುರಿನ್‌ಗೆ ಬಂದಿದ್ದೇನೆ. ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ನನ್ನ ಹತ್ತಿರ ಇರುವುದು ಒಂದು ಪಾತ್ರೆ, ಒಂದು ಬಾಣಲೆ. ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಬಾಟಲಿ ಸಾಸ್ ತಂದು ಪಾಸ್ತಾ ಮೇಲೆ ಸುರಿದು ತಿಂದು ಸಾಕಾಗಿದೆ. ಸಲಾಡ್ ಅಂದರೆ ಪ್ಯಾಕೆಟ್ ಎಲೆ, ಅದೂ ಅರ್ಧ ಕೊಳೆತು ಕಸಕ್ಕೆ ಹೋಗುತ್ತದೆ. ಹತ್ತು ಸಾಮಾನು ಹೇಳುವ ರೆಸಿಪಿ ಬೇಡ. ಮನೆಯಲ್ಲಿ ಅಮ್ಮ ಡಬ್ಬಿ ತೆಗೆದು ನೋಡಿ ಇದ್ದಿದ್ದರಲ್ಲೇ ಏನೋ ಒಂದು ಮಾಡುತ್ತಾರಲ್ವಾ, ಹಾಗೆ ಮಾಡಲು ಏನೇನು ಗೊತ್ತಿರಬೇಕು?

ಮಿಲಾನ್‌ನಿಂದ

ಒಂದೇ ಒಂದು ಅಳತೆ ಕಲಿತುಕೊಳ್ಳಿ, ಉಳಿದದ್ದೆಲ್ಲ ಕೈಯಂದಾಜು. 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಇಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ ಇದು. ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಸಾಕು. ಅಷ್ಟು ಉಪ್ಪಾ ಅನ್ನಿಸುತ್ತದೆ, ಆದರೆ ಬಹುಪಾಲು ನೀರಲ್ಲೇ ಉಳಿಯುತ್ತದೆ. ಸಪ್ಪೆ ನೀರಲ್ಲಿ ಬೆಂದ ಪಾಸ್ತಾಗೆ ಆಮೇಲೆ ಎಷ್ಟು ಉಪ್ಪು ಹಾಕಿದರೂ ಅದು ಒಳಗೆ ಇಳಿಯುವುದಿಲ್ಲ.

ನೀರಿಗೆ ಎಣ್ಣೆ ಹಾಕಬೇಡಿ. ಬೆಂದ ಮೇಲೆ ತಣ್ಣೀರಲ್ಲಿ ತೊಳೆಯಬೇಡಿ. ಮುಖ್ಯವಾಗಿ, ಬೆಂದ ನೀರನ್ನು ಪೂರ್ತಿ ಸಿಂಕಿಗೆ ಬಗ್ಗಿಸಬೇಡಿ. ಬಸ್ಸಾರಿಗೆ ಕಟ್ಟು ಬಸಿದಿಟ್ಟುಕೊಳ್ಳುವ ಹಾಗೆ ಒಂದು ದೊಡ್ಡ ಲೋಟ ಎತ್ತಿಡಿ. ಅದರಲ್ಲಿ ಪಾಸ್ತಾ ಬಿಟ್ಟ ಗಂಜಿ ಇರುತ್ತದೆ. ಎಣ್ಣೆ, ನೀರು ಬೇರೆ ಬೇರೆಯಾಗದಂತೆ ಹಿಡಿದು ಮಂದ ಮಾಡುವುದು ಆ ಗಂಜಿಯೇ. ಕ್ರೀಮ್, ಮೈದಾ, ಬಾಟಲಿ ಸಾಸ್ ಯಾವುದೂ ಬೇಕಿಲ್ಲ.

ಇದನ್ನು ಕೈಗೆ ಹತ್ತಿಸಿಕೊಳ್ಳಲು ನೇಪಲ್ಸ್ ಕಡೆಯ ಆಲ್ಯೊ ಎ ಓಲ್ಯೊ ಮಾಡಿ ನೋಡಿ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ ಅಷ್ಟೇ. ಬೆಳ್ಳುಳ್ಳಿ ತೆಳ್ಳಗೆ ಹೆಚ್ಚಿ ತಣ್ಣಗಿರುವ ಎಣ್ಣೆಗೇ ಹಾಕಿ, ಆಮೇಲೆ ಒಲೆ ಹಚ್ಚಿ, ಸಣ್ಣ ಉರಿ. ಒಗ್ಗರಣೆ ಅಭ್ಯಾಸದಲ್ಲಿ ಎಣ್ಣೆ ಕಾಯಿಸಿ ಹಾಕಿದರೆ ಹೊರಗೆ ಕರಕಲು, ಒಳಗೆ ಹಸಿ. ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ತಿರುಗುವಾಗ ಮೆಣಸಿನಕಾಯಿ ಮುರಿದು ಹಾಕಿ, ಹಿಂದೆಯೇ ಒಂದು ಸೌಟು ಪಾಸ್ತಾ ನೀರು. ಚುಂಯ್ ಎಂದು ತಣ್ಣಗಾಗುತ್ತದೆ, ಇನ್ನು ಕರಕಲಾಗುವ ಭಯವಿಲ್ಲ. ಪ್ಯಾಕೆಟ್ ಮೇಲೆ ಬರೆದಿರುವ ಹೊತ್ತಿಗಿಂತ ಎರಡು ನಿಮಿಷ ಮೊದಲೇ ಸ್ಪಗೆಟಿ ಎತ್ತಿ ಬಾಣಲೆಗೆ ಹಾಕಿ, ಉಳಿದ ಎರಡು ನಿಮಿಷ ಅಲ್ಲೇ ಬೇಯಲಿ. ಇಕ್ಕಳದಿಂದ ತಿರುಗಿಸುತ್ತಲೇ ಇರಿ. ಮೊದಲು ನೀರು ನೀರಾಗಿ ಕಾಣುತ್ತದೆ, ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತವೆ. ನೋಡುನೋಡುತ್ತ ಆ ಕಣ್ಣುಗಳು ಮಾಯವಾಗಿ ಎಲ್ಲ ಸೇರಿ ಮಂದವಾಗುತ್ತದೆ, ಸ್ಪಗೆಟಿ ಎಳೆ ಹೊಳೆಯುತ್ತದೆ. ಆಗ ಇಳಿಸಿ. ಗಟ್ಟಿಯಾದರೆ ಇನ್ನೊಂದಿಷ್ಟು ನೀರು.

ಇಷ್ಟು ಬಂದರೆ ಉಳಿದದ್ದೆಲ್ಲ ಇದರ ಮೇಲೆಯೇ. ಬ್ರೊಕೊಲಿ ಇದ್ದರೆ ಪಾಸ್ತಾ ನೀರಲ್ಲೇ ಬೇಯಿಸಿ. ಸುಕಿನಿ ಇದ್ದರೆ ಬೆಳ್ಳುಳ್ಳಿ ಜೊತೆ ಬಾಡಿಸಿ. ಚಿಕ್ಕ ಟೊಮೆಟೊ ಇದ್ದರೆ ಕೈಯಲ್ಲಿ ಹಿಸುಕಿ ಹಾಕಿ. ಪಾಲಕ್ ಇದ್ದರೆ ಕೊನೆಯಲ್ಲಿ. ಆದರೆ ಒಂದು ಹೊತ್ತಿಗೆ ಒಂದೇ ತರಕಾರಿ. ನಮ್ಮವರ ಪಾಸ್ತಾ ಕೆಡುವುದು ಇಲ್ಲೇ. ಕ್ಯಾಪ್ಸಿಕಂ, ಕ್ಯಾರೆಟ್, ಕಾರ್ನ್, ಅಣಬೆ ಎಲ್ಲ ಒಟ್ಟಿಗೆ ಬಿದ್ದು, ಮೇಲೆ ಒರೆಗಾನೊ ಪೊಟ್ಟಣ. ಯಾವುದರ ರುಚಿಯೂ ಗೊತ್ತಾಗುವುದಿಲ್ಲ.

ಬಾರಿ ಊರಿನಲ್ಲಿರುವವರು

ಮೇಲಿನವರು ಹೇಳಿದ್ದು ಸರಿ. ಇಲ್ಲಿ ದಕ್ಷಿಣ ಇಟಲಿಯ ಪುಲ್ಯಾದಲ್ಲಿ ಒರೆಕ್ಕಿಯೆತ್ತೆ ಪಾಸ್ತಾ ಮತ್ತು ಚೀಮೆ ದಿ ರಾಪಾ ಎಂಬ ಸ್ವಲ್ಪ ಕಹಿ ಸೊಪ್ಪು, ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಒಂದೇ ಪಾತ್ರೆ ಇರುವ ನಿಮಗೆ ಹೇಳಿ ಮಾಡಿಸಿದ್ದು.

ನಾನು ಬರೆಯುತ್ತಿರುವುದು ಚೀಸ್ ವಿಷಯಕ್ಕೆ. ಸಸ್ಯಾಹಾರಿ ಅಂದಿರಿ, ಇದನ್ನು ಯಾರಾದರೂ ಹೇಳಲೇಬೇಕು. ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ ಎರಡಕ್ಕೂ ಹಾಲು ಹೆಪ್ಪುಗಟ್ಟಿಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಆ ಹೆಸರು ಹಾಕಿಕೊಳ್ಳಬೇಕಾದರೆ ಹಾಗೇ ಮಾಡಬೇಕೆಂದು ನಿಯಮವೇ ಇದೆ. ಹಾಗಾಗಿ ಬ್ರಾಂಡ್ ಬದಲಿಸಿ ಪ್ರಯೋಜನವಿಲ್ಲ. ನೀವು ಅಷ್ಟು ನೋಡುವವರಾದರೆ ಲೇಬಲ್ ಮೇಲೆ ಕಾಲ್ಯೊ ವೆಜೆತಾಲೆ (ಗಿಡದ ರೆನೆಟ್) ಅಥವಾ ಕಾಲ್ಯೊ ಮಿಕ್ರೊಬಿಕೊ (ಸೂಕ್ಷ್ಮಜೀವಿಯಿಂದ ಮಾಡಿದ ರೆನೆಟ್) ಎಂದು ಬರೆದಿರುವ ಬೇರೆ ಗಟ್ಟಿ ಚೀಸ್ ಹುಡುಕಿ. ಬರೀ ಕಾಲ್ಯೊ ಎಂದಿದ್ದರೆ ಪ್ರಾಣಿಯದೇ ಅಂದುಕೊಳ್ಳಿ. ಮಸ್ಕರ್ಪೋನೆ ಹುಳಿ ಹಾಕಿ ಗಟ್ಟಿ ಮಾಡುವಂಥದು, ಅದಕ್ಕೆ ರೆನೆಟ್ ಬೇಕಿಲ್ಲ. ಒಂದು ಚಮಚ ಮಸ್ಕರ್ಪೋನೆ, ನಿಂಬೆಸಿಪ್ಪೆ ತುರಿ, ಕಾಳುಮೆಣಸು, ಪಾಸ್ತಾ ನೀರು ಸೇರಿದರೆ ಊಟ ಮುಗಿಯಿತು. ಯಾವ ಚೀಸ್ ಆದರೂ ಹಾಕುವಾಗ ಒಲೆ ಆರಿಸಿ. ಕುದಿಯುವಾಗ ಹಾಕಿದರೆ ಗಂಟು ಕಟ್ಟಿ ರಬ್ಬರ್ ಆಗುತ್ತದೆ.

ಚೀಸ್ ಇಲ್ಲದೆಯೂ ಆಗುತ್ತದೆ. ಸಿಸಿಲಿ, ಕಲಾಬ್ರಿಯಾ, ಪುಲ್ಯಾ ಕಡೆ ಚೀಸ್ ಕೊಳ್ಳಲಾಗದ ಮನೆಗಳಲ್ಲಿ ಹುರಿದ ಬ್ರೆಡ್ ಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರು. ಈಗಲೂ ಉದುರಿಸುತ್ತಾರೆ, ರುಚಿಗೆ. ತಂಗಳು ಬ್ರೆಡ್ ಪುಡಿ ಮಾಡಿ ಸ್ವಲ್ಪ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಂದಾಗುವವರೆಗೆ ಹುರಿಯಿರಿ. ಕೈ ಬಿಟ್ಟರೆ ಸೀಯುತ್ತದೆ. ಡಬ್ಬಿಯಲ್ಲಿ ಹಾಕಿಟ್ಟರೆ ಕೆಲವು ದಿನ ಗರಿಗರಿ ಇರುತ್ತದೆ. ನನ್ನನ್ನು ಕೇಳಿದರೆ ಬ್ರೊಕೊಲಿ ಪಾಸ್ತಾಗೆ ಚೀಸ್‌ಗಿಂತ ಇದೇ ಮೇಲು.

ಕೇಳಿದವರು

ರೆನೆಟ್ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಕಾಳು ಹಾಕಿ ಏನಾದರೂ ಮಾಡಬಹುದಾ? ಬರೀ ಪಾಸ್ತಾ ತಿಂದರೆ ರಾತ್ರಿ ಹತ್ತಕ್ಕೆ ಮತ್ತೆ ಹಸಿವು.

ರೋಮ್‌ನಿಂದ

ಪಾಸ್ತಾ ಎ ಚೇಚಿ. ಕಾಬೂಲಿ ಕಡಲೆ ಹಾಕಿದ ಪಾಸ್ತಾ, ಸಾರಿಗೂ ಪಲ್ಯಕ್ಕೂ ನಡುವಿನ ಹದ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಂದು ಕಡ್ಡಿ ರೋಸ್ಮರಿ, ಒಂದು ಚಮಚ ಟೊಮೆಟೊ ಪೇಸ್ಟ್. ಡಬ್ಬಿ ಕಡಲೆಯಲ್ಲಿ ಅರ್ಧ ಹಾಗೇ ಹಾಕಿ, ಇನ್ನರ್ಧ ಫೋರ್ಕಿನಲ್ಲಿ ಜಜ್ಜಿ ಹಾಕಿ, ಮಂದ ಆಗುವುದು ಅದರಿಂದ. ನೀರು ಹಾಕಿ ಕುದಿ ಬಂದ ಮೇಲೆ ಸಣ್ಣ ಪಾಸ್ತಾ ಅಲ್ಲೇ ಬೇಯಿಸಿ. ಬಸಿಯುವುದಿಲ್ಲವಾದ್ದರಿಂದ ಇಲ್ಲಿ ಮೇಲಿನ ಉಪ್ಪಿನ ಲೆಕ್ಕ ಬೇಡ, ಕೊನೆಯಲ್ಲಿ ರುಚಿ ನೋಡಿ ಹಾಕಿ.

ಸಣ್ಣ ಪಾಸ್ತಾ ಇಲ್ಲವಾ? ಸ್ಪಗೆಟಿಯನ್ನು ಬಟ್ಟೆಯಲ್ಲಿ ಸುತ್ತಿ ಮುರಿಯಿರಿ. ನೇಪಲ್ಸ್‌ನಲ್ಲಿ ಪ್ಯಾಕೆಟ್ ತಳದಲ್ಲಿ ಉಳಿದ ನಾಲ್ಕಾರು ಥರದ ಪಾಸ್ತಾ ಬೆರೆಸಿ ಕಾಳಿಗೆ ಹಾಕುವುದು ರೂಢಿ. ಈಗ ಹಾಗೆ ಬೆರೆಸಿದ್ದನ್ನೇ ಪ್ಯಾಕೆಟ್ ಮಾಡಿ ಮಾರುತ್ತಾರೆ! ಕಡಲೆ ಬದಲು ಮಸೂರ ಹಾಕಿದರೂ ನಡೆಯುತ್ತದೆ, ಆಲೂಗಡ್ಡೆ ಹಾಕಿದರೂ ನಡೆಯುತ್ತದೆ. ಎರಡೂ ಅಲ್ಲಿನ ಮನೆ ಅಡುಗೆಯೇ.

ಧಾರವಾಡದವರು, ಸದ್ಯ ಬೊಲೊನ್ಯಾದಲ್ಲಿ ಮಗಳ ಮನೆಯಲ್ಲಿ

ಮಗಾ, ನೀನು ಮೊಟ್ಟೆ ತಿನ್ನುತ್ತೀ ಅಂದೆ, ಹಿಟ್ಟು ಕಲಸಿಯೇ ಮಾಡು. ಇಲ್ಲಿಯವರು 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಹಾಕಿ ನಾದುತ್ತಾರೆ, ಅರ್ಧ ತಾಸು ಮುಚ್ಚಿಡುತ್ತಾರೆ, ತೆಳ್ಳಗೆ ಲಟ್ಟಿಸಿ ಪಟ್ಟಿ ಕೊಯ್ಯುತ್ತಾರೆ. ಆದರೆ ನಿನಗೆ ಲಟ್ಟಣಿಗೆ ಎಲ್ಲಿದೆ? ನಾನು ಮೊಟ್ಟೆ ಮುಟ್ಟುವುದಿಲ್ಲ, ಅದಕ್ಕೆ ದಕ್ಷಿಣದವರ ರೀತಿ ಹಿಡಿದೆ. ಅಂಗಡಿಯಲ್ಲಿ ಸೆಮೊಲಾ ರಿಮಚಿನಾತಾ ಅಂತ ಸಿಗುತ್ತದೆ, ನಮ್ಮ ಚಿರೋಟಿ ರವೆಗಿಂತ ನಯ, ಬಣ್ಣ ಹಳದಿ. ತೂಕದಲ್ಲಿ ಅದರ ಅರ್ಧದಷ್ಟು ಉಗುರುಬೆಚ್ಚಗಿನ ನೀರು. ಮೊದಲು ಪುಡಿಪುಡಿ, ಇದು ಕೂಡುವುದೇ ಇಲ್ಲ ಅನ್ನಿಸುತ್ತದೆ. ನೀರು ಹಾಕಬೇಡ, ನಾದು. ಹತ್ತು ನಿಮಿಷಕ್ಕೆ ನುಣ್ಣಗಾಗುತ್ತದೆ. ಮುಚ್ಚಿಡು.

ಆಮೇಲೆ ಕಿರುಬೆರಳ ದಪ್ಪಕ್ಕೆ ಹೊಸೆದು, ಕಡಲೆಕಾಳಿಗಿಂತ ತುಸು ದೊಡ್ಡ ತುಂಡು ಮಾಡಿ, ಒಂದೊಂದನ್ನೂ ಮಣೆ ಮೇಲೆ ಬೆರಳ ತುದಿಯಿಂದ ಒತ್ತಿ ನಿನ್ನ ಕಡೆ ಎಳೆ. ತಾನೇ ಮಡಚಿಕೊಂಡು ಹೊಟ್ಟೆ ಟೊಳ್ಳಾಗುತ್ತದೆ. ಆ ಟೊಳ್ಳಿನಲ್ಲಿ ಸಾರು ನಿಲ್ಲುತ್ತದೆ. ಇದಕ್ಕೆ ಕವತೆಲ್ಲಿ ಅನ್ನುತ್ತಾರೆ. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಶಾವಿಗೆ, ಗವಲಿ ಮಾಡಿದ ಕೈ ನನ್ನದು, ಎರಡು ಸರ್ತಿಗೆ ಬಂತು. ಬಾರಿಯ ಹಳೆ ಊರಿನಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಮಣೆ ಇಟ್ಟುಕೊಂಡು ಒರೆಕ್ಕಿಯೆತ್ತೆ ಮಾಡಿ ಮಾರುವುದನ್ನು ಮಗಳು ತೋರಿಸಿದಳು. ಕೈ ನೋಡುತ್ತ ನಿಂತುಬಿಟ್ಟೆ. ಹಸಿ ಪಾಸ್ತಾ ಬೇಗ ಬೇಯುತ್ತದೆ, ಮೇಲೆ ತೇಲಿದ ಮೇಲೆ ಒಂದು ಕಚ್ಚಿ ನೋಡು. ರವಿವಾರ ಗೆಳೆಯರನ್ನು ಕೂಡಿಸಿಕೊಂಡು ಮಾಡು, ಒಬ್ಬನೇ ಮಾಡಿದರೆ ಬೇಸರ ಬರುತ್ತದೆ.

ಫ್ಲಾರೆನ್ಸ್‌ನಿಂದ, ಸಲಾಡ್ ಬಗ್ಗೆ

ಎಲ್ಲರೂ ಪಾಸ್ತಾದಲ್ಲೇ ಮುಳುಗಿದ್ದೀರಿ, ಸಲಾಡ್ ಪಾಪ ಬಾಕಿ.

ಮೊದಲು ಪ್ಯಾಕೆಟ್ ಎಲೆ ಬಿಡಿ. ಇಡೀ ಗಡ್ಡೆ ತನ್ನಿ: ಲೆಟ್ಯೂಸ್, ರಾದಿಕ್ಕಿಯೊ ಎಂಬ ಕಹಿ ಕೆಂಪೆಲೆ, ಎಲೆಕೋಸು, ಫೆನಲ್ ಗಡ್ಡೆ. ಹೊರಗಿನ ಎಲೆ ಬಾಡಿದರೂ ಒಳಗೆ ಚೆನ್ನಾಗಿರುತ್ತದೆ. ಟುರಿನ್‌ನ ಪೋರ್ತಾ ಪಲಾತ್ಸೊ ಸಂತೆ ದೊಡ್ಡದು, ಮುಚ್ಚುವ ಹೊತ್ತಿಗೆ ಹೋದರೆ ಅಗ್ಗಕ್ಕೆ ಸಿಗುತ್ತದೆ. ತೊಳೆದ ಎಲೆ ಚೆನ್ನಾಗಿ ಒಣಗಬೇಕು. ಒದ್ದೆ ಎಲೆಗೆ ಎಣ್ಣೆ ಹತ್ತುವುದಿಲ್ಲ, ಜಾರಿ ತಳಕ್ಕೆ ಹೋಗುತ್ತದೆ. ಸಲಾಡಿಗೆ ನಾಲ್ಕು ಜನ ಬೇಕೆಂದು ಹಳೆ ಮಾತೊಂದಿದೆ: ಎಣ್ಣೆಗೆ ದುಂದುಗಾರ, ವಿನೆಗರ್‌ಗೆ ಜಿಪುಣ, ಉಪ್ಪಿಗೆ ತಿಳಿದವನು, ಕಲಸಲು ಹುಚ್ಚ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಅದಕ್ಕೆ ಮೊದಲು ವಿನೆಗರ್ ಅಥವಾ ನಿಂಬೆರಸದಲ್ಲಿ ಕರಗಿಸಿ, ಆಮೇಲೆ ಅದರ ಮೂರರಷ್ಟು ಎಣ್ಣೆ.

ಉಪ್ಪು ಯಾವಾಗ ಬೀಳಬೇಕು ಎನ್ನುವುದೇ ಇಡೀ ಆಟ. ಎಲೆ ಸಲಾಡಿಗೆ ತಟ್ಟೆ ಮುಂದೆ ಕೂತ ಮೇಲೆ. ಕೋಸಂಬರಿಗೂ ಅಷ್ಟೇ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬೇಳೆ ತೇಲುತ್ತದೆ ಅಲ್ವಾ. ನಮ್ಮ ಟಸ್ಕನಿಯ ಪಾನ್ಸನೆಲ್ಲಾ ಎಂಬ ಬ್ರೆಡ್ ಸಲಾಡಿಗೆ ಮಾತ್ರ ತದ್ವಿರುದ್ಧ, ಅಲ್ಲಿ ನೀರು ಬಿಡಲೇಬೇಕು. ಹಣ್ಣಾದ ಟೊಮೆಟೊ ಹೆಚ್ಚಿ ಉಪ್ಪು ಹಾಕಿ ಹದಿನೈದು ನಿಮಿಷ ಬಿಡಿ. ತಂಗಳು ಬ್ರೆಡ್ಡನ್ನು ನೀರಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಪುಡಿಪುಡಿಯಾಗಿ ಬಿಡಿಸಿ ಆ ರಸಕ್ಕೆ ಹಾಕಿ. ಮೇಲೆ ಈರುಳ್ಳಿ, ಸೌತೆಕಾಯಿ, ಬೇಸಿಲ್, ವಿನೆಗರ್, ಎಣ್ಣೆ. ಅರ್ಧ ಗಂಟೆ ಬಿಟ್ಟು ತಿನ್ನಿ. ಇಲ್ಲಿನ ಬ್ರೆಡ್ಡಿಗೆ ಉಪ್ಪೇ ಇರುವುದಿಲ್ಲ, ನಿಮ್ಮ ಕಡೆಯ ಬ್ರೆಡ್ಡಾದರೆ ಉಪ್ಪು ಕಡಿಮೆ ಮಾಡಿ. ಮೆತ್ತನೆ ಸ್ಯಾಂಡ್‌ವಿಚ್ ಬ್ರೆಡ್ ಮಾತ್ರ ಬೇಡ, ಅಂಟಾಗುತ್ತದೆ.

ಚಳಿಗಾಲದಲ್ಲಿ ಟೊಮೆಟೊಗೆ ರುಚಿ ಇರುವುದಿಲ್ಲ. ಆಗ ಸಿಸಿಲಿಯವರ ಹಾಗೆ ಕಿತ್ತಳೆ ಬಿಲ್ಲೆ, ಫೆನಲ್ ಗಡ್ಡೆ, ಕಪ್ಪು ಆಲಿವ್, ಎಣ್ಣೆ, ಉಪ್ಪು. ಕಿತ್ತಳೆಗೆ ಉಪ್ಪಾ ಅಂತ ಮುಖ ಸಿಂಡರಿಸಬೇಡಿ, ಒಮ್ಮೆ ತಿಂದು ನೋಡಿ.

ಬೆಂಗಳೂರಿನಿಂದ

ಇಲ್ಲಿ ಕೂತು ಮಾಡುವವರಿಗೂ ಒಂದೆರಡು ಮಾತು. ಇಟಲಿಯಲ್ಲಿ 1967ರಿಂದಲೂ ಕಾಯ್ದೆ ಪ್ರಕಾರ ಒಣ ಪಾಸ್ತಾ ಡ್ಯೂರಮ್ ಎಂಬ ಗಟ್ಟಿ ಗೋಧಿಯಿಂದಲೇ ಆಗಬೇಕು, ಹಾಗಾಗಿ ಅಲ್ಲಿನ ಅಗ್ಗದ ಪ್ಯಾಕೆಟ್ ಕೂಡ ಪರವಾಗಿಲ್ಲ. ಇಲ್ಲಿ ಮೈದಾದ್ದೂ ಸಿಗುತ್ತದೆ, ಅದು ಬೇಗ ಮೆತ್ತಗಾಗುತ್ತದೆ. ಪ್ಯಾಕೆಟ್ ಹಿಂದೆ ಓದಿ ತಗೊಳ್ಳಿ.

ಬೇಸಿಲ್ ಸಿಗಲಿಲ್ಲ ಅಂತ ತುಳಸಿ ಹಾಕುವವರಿದ್ದಾರೆ, ಬೇಡ, ಕಷಾಯದ ವಾಸನೆ ಬರುತ್ತದೆ. ನಮ್ಮ ಕಾಮಕಸ್ತೂರಿ ಬೇಸಿಲ್ ಜಾತಿಯದೇ. ಎಳೆ ಎಲೆ ಆರಿಸಿಕೊಳ್ಳಿ, ಪರಿಮಳ ಸ್ವಲ್ಪ ಖಡಕ್, ಅದಕ್ಕೆ ಕಡಿಮೆ ಹಾಕಿ. ಪೈನ್ ನಟ್ ಬದಲು ಗೋಡಂಬಿ ಸೇರಿಸಿ ಪೆಸ್ತೊ ಎಂಬ ಬೇಸಿಲ್ ಚಟ್ನಿ ರುಬ್ಬಿಕೊಂಡರೆ, ಜಿನೋವಾದವರ ಹಾಗೆ ಆಲೂಗಡ್ಡೆ, ಬೀನ್ಸ್ ಎರಡನ್ನೂ ಪಾಸ್ತಾ ಜೊತೆಗೇ ಬೇಯಿಸಿ ಕಲಸಬಹುದು. ಒಂದೇ ತರಕಾರಿ ಅಂದವರು ಕ್ಷಮಿಸಬೇಕು, ಅಲ್ಲಿನವರೇ ಎರಡು ಹಾಕುತ್ತಾರೆ.

ಇನ್ನೊಂದು. ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆ ಹಾಕಿ ಪಾಸ್ತಾ ಮಾಡಿದರೆ ತಪ್ಪೇನು?

ಮಿಲಾನ್‌ನಿಂದ

ಜಿನೋವಾದವರಿಗೆ ಮಾಫಿ. ಒಗ್ಗರಣೆ ಹಾಕಿದರೆ ತಪ್ಪೇನಿಲ್ಲ, ನಾನೂ ಹಾಕುತ್ತೇನೆ. ಆದರೆ ಅಲ್ಲೂ ಎರಡು ನಿಮಿಷ ಮೊದಲೇ ಎತ್ತಿ, ಒಂದು ಸೌಟು ನೀರು ಹಾಕಿ. ಇಲ್ಲದಿದ್ದರೆ ಉದುರುದುರಾಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮತ್ತೆ ಹಾಸ್ಟೆಲ್‌ನಲ್ಲಿ ಒಣಮೆಣಸಿನಕಾಯಿ ಘಾಟು ಏಳಿಸುವ ಮುಂಚೆ ಕಿಟಕಿ ತೆಗೆಯಿರಿ, ಹೊಗೆ ಅಲಾರಂ ಹೊಡೆದುಕೊಂಡರೆ ಇಡೀ ಕಟ್ಟಡ ಕೆಳಗಿಳಿಯಬೇಕು.

ಕೇಳಿದವರು

ಆಲ್ಯೊ ಎ ಓಲ್ಯೊ ಮಾಡಿದೆ, ಮೇಲೆ ಬ್ರೆಡ್ ಪುಡಿ. ಎಣ್ಣೆ ಕಣ್ಣು ಮಾಯವಾಗುವುದು ನಿಜವಾಗಿ ಕಂಡಿತು! ಆದರೆ ಸ್ಪಗೆಟಿ ಜಾಸ್ತಿ ಬೇಯಿಸಿಬಿಟ್ಟೆ, ಒಂದು ತಟ್ಟೆ ಉಳಿದಿದೆ. ಬಿಸಿ ಮಾಡಿದರೆ ಸರಿ ಹೋಗುತ್ತದಾ?

ರೋಮ್‌ನಿಂದ

ಸುಮ್ನೆ ಬಿಸಿ ಮಾಡಿದರೆ ಮುದ್ದೆಯಾಗುತ್ತದೆ. ಫ್ರಿಜ್‌ನಲ್ಲಿಟ್ಟು ನಾಳೆ ಎರಡು ಮೊಟ್ಟೆ ಒಡೆದು ಉಪ್ಪು, ಮೆಣಸು ಹಾಕಿ ಅದರಲ್ಲಿ ಕಲಸಿ. ಎಣ್ಣೆ ಸವರಿದ ಬಾಣಲೆಯಲ್ಲಿ ದಪ್ಪಗೆ ಹರಡಿ ಸಣ್ಣ ಉರಿಯಲ್ಲಿ ಬಿಡಿ. ಅಂಚು ಗರಿಯಾಗಿ ಬಿಟ್ಟುಕೊಂಡ ಮೇಲೆ ತಟ್ಟೆ ಮುಚ್ಚಿ ಮಗುಚಿ, ಇನ್ನೊಂದು ಕಡೆ ಬೇಯಿಸಿ. ಆರಿದ ಮೇಲೆ ತುಂಡು ಮಾಡಿ ಡಬ್ಬಿಗೆ ಹಾಕಿಕೊಂಡು ಕ್ಲಾಸಿಗೆ ಒಯ್ಯಬಹುದು. ನೇಪಲ್ಸ್‌ನವರು ಇದನ್ನು ಸಮುದ್ರದಂಡೆಗೆ ಕಟ್ಟಿಕೊಂಡು ಹೋಗುತ್ತಾರೆ.