‘ಬ್ರಾಡ್‌ಚರ್ಚ್’: ದುಃಖದ ಕಥೆಯೋ, ದುಃಖವನ್ನು ಬಳಸಿಕೊಂಡ ಕಥೆಯೋ?

ವಸುಧಾ ಕೆ.
ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 2013ರಲ್ಲಿ ಪ್ರಸಾರವಾದ ‘ಬ್ರಾಡ್‌ಚರ್ಚ್’ ಪತ್ತೇದಾರಿ ಧಾರಾವಾಹಿಯ ಮೊದಲ ಸರಣಿಯನ್ನು ನೋಡಿ ಮುಗಿಸಿದೆ. ಕೊಲೆಗಾರ ಯಾರೆಂಬ ಮಾತು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಕಡಲತೀರದ ಸಣ್ಣ ಊರೊಂದರಲ್ಲಿ ಡ್ಯಾನಿ ಲ್ಯಾಟಿಮರ್ ಎಂಬ 11 ವರ್ಷದ ಹುಡುಗನ ಶವ ಸಿಗುತ್ತದೆ. ಎಂಟು ಕಂತುಗಳುದ್ದಕ್ಕೂ ಅವನ ಮನೆಯವರ ಸಂಕಟವನ್ನು ತೋರಿಸುತ್ತಾರೆ, ನಿಜ. ಆದರೆ ಕಂತು ಮುಗಿಯುವ ಹೊತ್ತಿಗೆ ಯಾರಾದರೊಬ್ಬರ ಮೇಲೆ ಹೊಸ ಅನುಮಾನವನ್ನು ಎಸೆದು ಹೋಗುತ್ತಾರೆ: ಒಮ್ಮೆ ಹುಡುಗನ ತಂದೆ ಮಾರ್ಕ್, ಒಮ್ಮೆ ಪತ್ರಿಕೆ ಅಂಗಡಿಯ ಮುದುಕ ಜ್ಯಾಕ್, ಇನ್ನೊಮ್ಮೆ ಚರ್ಚಿನ ಪಾದ್ರಿ. ತಾಯಿಯ ಅಳು ಎರಡು ಅನುಮಾನಗಳ ನಡುವಿನ ಜಾಗ ತುಂಬುವುದಕ್ಕಾಗಿ ಇದೆಯೇನೋ ಅನ್ನಿಸಿತು. ಅದರ ಮೇಲೆ ಓಲಾವುರ್ ಆರ್ನಾಲ್ಡ್ಸ್ ಅವರ ಸಂಗೀತ ಬೇರೆ. ಅದು ಚೆನ್ನಾಗಿಯೇ ಇದೆ. ಆದರೆ ಎಲ್ಲಿ ಅಳಬೇಕೆಂದು ಪ್ರೇಕ್ಷಕರಿಗೆ ಪ್ರತಿ ಸಲವೂ ಹೇಳಿಕೊಡಬೇಕಾಗಿರಲಿಲ್ಲ.

ಶ್ರೀಧರ ಭಟ್
ವಸುಧಾ ಅವರೇ, ಸಂಗೀತದ ವಿಷಯದಲ್ಲಿ ನಾನು ವಾದಿಸುವುದಿಲ್ಲ, ಉಳಿದದ್ದನ್ನು ಒಪ್ಪಲಾರೆ. ಮೊದಲ ಕಂತಿನ ಆರಂಭದಲ್ಲಿ ಮಾರ್ಕ್ ಊರಿನ ಮುಖ್ಯ ಬೀದಿಯಲ್ಲಿ ನಡೆದುಹೋಗುವುದನ್ನು ನೆನಪಿಸಿಕೊಳ್ಳಿ. ಎಲ್ಲೂ ಕತ್ತರಿಸದ ಒಂದೇ ದೀರ್ಘ ದೃಶ್ಯವದು. ಎದುರಾದವರೆಲ್ಲ ಅವನನ್ನು ಮಾತನಾಡಿಸುತ್ತಾರೆ, ನಗುತ್ತಾರೆ; ಮುಂದೆ ಶಂಕಿತರಾಗುವವರಲ್ಲಿ ಹಲವರನ್ನು ನಾವು ಆ ಕೆಲವು ನಿಮಿಷಗಳಲ್ಲೇ ನೋಡಿಬಿಟ್ಟಿರುತ್ತೇವೆ. ಅನುಮಾನ ಒಬ್ಬರಿಂದ ಒಬ್ಬರಿಗೆ ಸರಿಯುತ್ತಾ ಹೋದಂತೆ ಆ ನಗುವಿನ ನೆರೆಹೊರೆಯೂ ಆ ಮನೆಯ ಕೈತಪ್ಪುತ್ತದೆ. ಮಗನನ್ನು ಕಳೆದುಕೊಂಡವರು ಊರನ್ನೂ ಕಳೆದುಕೊಳ್ಳುವ ಬಗೆ ಅದು. ತಾಯಿ ಬೆತ್ ವಾಹನಗಳ ಸಾಲಿನ ನಡುವೆ ಕಡಲತೀರಕ್ಕೆ ಓಡಿಬಂದಾಗ ಅವಳಿಗೆ ಮಗನ ಮುಖ ಕಾಣುವುದಿಲ್ಲ, ಹೊದಿಕೆಯ ಹೊರಗೆ ಉಳಿದ ಬೂಟು ಕಾಣುತ್ತದೆ. ಜೋಡಿ ವಿಟೇಕರ್ ಆ ದೃಶ್ಯದಲ್ಲಿ ಮಾಡಿದ್ದನ್ನು ಜಾಗ ತುಂಬುವ ಕೆಲಸ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಜ್ಯಾಕ್ ಪಾತ್ರದ ಬಗ್ಗೆಯೂ ಒಂದು ಮಾತಿದೆ. ಅವನೂ ಮಗನನ್ನು ಕಳೆದುಕೊಂಡವನೇ. ಹುಡುಗರನ್ನು ಅಪ್ಪಿಕೊಳ್ಳುತ್ತಿದ್ದ ಎಂಬುದನ್ನು ಪತ್ರಿಕೆಗಳು ಬೇರೆ ಅರ್ಥ ಕೊಟ್ಟು ಬರೆಯುತ್ತವೆ, ಊರು ಅದನ್ನು ನಂಬುತ್ತದೆ, ಅವನು ಜೀವ ಕಳೆದುಕೊಳ್ಳುತ್ತಾನೆ. ಆ ಪಾತ್ರಕ್ಕೆ ಡೇವಿಡ್ ಬ್ರ್ಯಾಡ್ಲಿ ಅವರಿಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ನಾಗರತ್ನ, ಲೀಡ್ಸ್
ಇಬ್ಬರೂ ಬಿಟ್ಟ ಒಂದು ಅಂಶವನ್ನು ಸೇರಿಸುತ್ತೇನೆ. ನಮ್ಮೂರಿನ ಬಂಧುಗಳೊಬ್ಬರು ಇದನ್ನು ನೋಡಿ, ಮಗುವಿನ ದೇಹವನ್ನು ಇಷ್ಟು ದಿನ ಮನೆಯವರಿಗೆ ಕೊಡದೆ ಇಟ್ಟುಕೊಳ್ಳುವುದು ಯಾವ ನ್ಯಾಯ ಎಂದು ಕೇಳಿದ್ದರು. ಮರಣೋತ್ತರ ಪರೀಕ್ಷೆ ಮುಗಿದ ಕೂಡಲೇ ದೇಹವನ್ನು ತಂದು, ಸಂಸ್ಕಾರ ಮಾಡಿ, ಹನ್ನೊಂದನೆಯ ದಿನವನ್ನು ಎಣಿಸುವವರಿಗೆ ಅದು ಅರ್ಥವಾಗುವುದು ಕಷ್ಟ. ಇಂಗ್ಲೆಂಡಿನಲ್ಲಿ ಕೊಲೆ ಪ್ರಕರಣಗಳಲ್ಲಿ ದೇಹ ಕರೋನರ್ ಎಂಬ ಅಧಿಕಾರಿಯ ವಶದಲ್ಲಿರುತ್ತದೆ. ಆರೋಪಿಯ ಪರವಾಗಿ ಎರಡನೆಯ ಪರೀಕ್ಷೆಗೆ ಕೋರಿಕೆ ಬರಬಹುದೆಂದು ವಾರಗಟ್ಟಲೆ ತಡೆದಿಡುವುದುಂಟು. ಈ ಕಥೆಯಲ್ಲಿ ಅಂತ್ಯಸಂಸ್ಕಾರ ನಡೆಯುವುದೇ ಕೊನೆಯ ಕಂತಿನಲ್ಲಿ, ಬಂಧನವಾದ ಮೇಲೆ. ಎರಡನೆಯ ಸರಣಿ ಆರಂಭವಾಗುತ್ತಲೇ ಅದೇ ದೇಹವನ್ನು ಮತ್ತೆ ಹೊರತೆಗೆಯುತ್ತಾರೆ.

ಆ ಮನೆಗೆ ನೇಮಕವಾಗುವ ಕುಟುಂಬ ಸಂಪರ್ಕಾಧಿಕಾರಿಯನ್ನೂ ಗಮನಿಸಬೇಕು. ಲಂಡನ್ನಿನ ಕಪ್ಪು ವರ್ಣೀಯ ಯುವಕ ಸ್ಟೀಫನ್ ಲಾರೆನ್ಸ್ ಕೊಲೆಯ ತನಿಖೆಯ ಕುರಿತ 1999ರ ಮ್ಯಾಕ್‌ಫರ್ಸನ್ ವರದಿಯು, ಪೊಲೀಸರು ಆ ಕುಟುಂಬವನ್ನು ನಡೆಸಿಕೊಂಡ ರೀತಿಯನ್ನು ಕಟುವಾಗಿ ಟೀಕಿಸಿದ ನಂತರ ಈ ಹುದ್ದೆಗೆ ಇಲ್ಲಿ ವಿಶೇಷ ಮಹತ್ವ ಬಂದಿತು. ಆದರೆ ಆತ ಮೊದಲಿಗೆ ತನಿಖಾಧಿಕಾರಿಯೇ. ಸಮಾಧಾನ ಹೇಳುತ್ತಾ ಟೀ ಮಾಡಿಕೊಡುವ ಆ ಪೊಲೀಸಿನವನಿಗೆ ಮನೆಯವರ ಮೇಲೆ ಕಣ್ಣಿಡುವ ಕೆಲಸವೂ ಇರುತ್ತದೆ. ಸಾವಿನ ಮನೆಯೊಳಗೇ ಅನುಮಾನ ಕುಳಿತಿರುವಾಗ, ದುಃಖ ಬೇರೆ ತನಿಖೆ ಬೇರೆ ಎಂದು ವಸುಧಾ ಅವರು ಹೇಗೆ ಬಿಡಿಸಿ ನೋಡುತ್ತಾರೋ ತಿಳಿಯದು.

ವಸುಧಾ ಕೆ.
ನಾಗರತ್ನ ಅವರು ಹೇಳಿದ ಹಿನ್ನೆಲೆ ಉಪಯುಕ್ತವಾಗಿದೆ, ಧನ್ಯವಾದ. ಆದರೂ ನನ್ನ ಪ್ರಶ್ನೆ ಉಳಿದೇ ಇದೆ. ತನಿಖೆ ನಡೆಸುವ ಎಲಿ ಮಿಲ್ಲರ್ ಅವಳ ಗಂಡ ಜೋ ಅವನೇ ಕೊಲೆಗಾರ ಎಂದು ಕೊನೆಗೆ ತಿಳಿಯುತ್ತದೆ. ಅಲ್ಲಿಗೆ ಬೆತ್‌ಳ ದುಃಖ ಹಿಂದೆ ಸರಿದು, ಎಲ್ಲರ ಗಮನ ಎಲಿಯ ಆಘಾತದ ಮೇಲೆ ಬೀಳುತ್ತದೆ. ಒಲಿವಿಯಾ ಕೋಲ್ಮನ್ ಅದ್ಭುತ ನಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂತಹ ತಿರುವನ್ನು ಕೊನೆಗೆಂದು ಬಚ್ಚಿಟ್ಟುಕೊಂಡ ಕಥೆ ಯಾರಿಗಾಗಿ ಅಳುತ್ತಿದೆ?

ಶ್ರೀಧರ ಭಟ್
ಇಬ್ಬರಿಗಾಗಿಯೂ ಎಂದೇ ನನ್ನ ಉತ್ತರ. ಸೂಸನ್ ರೈಟ್ ಎಂಬ ಹೆಂಗಸನ್ನು ವಿಚಾರಿಸುವಾಗ, ಗಂಡನ ಕೃತ್ಯ ನಿನಗೆ ಗೊತ್ತಾಗದೆ ಇರಲು ಹೇಗೆ ಸಾಧ್ಯ ಎಂದು ಎಲಿ ಕೇಳುತ್ತಾಳೆ. ಮುಂದೆ ಅದೇ ಪ್ರಶ್ನೆಯನ್ನು ಬೆತ್ ಅವಳಿಗೇ ಕೇಳುತ್ತಾಳೆ. ಎಲಿ ಗಂಡನನ್ನು ಸಾವಿನಿಂದ ಕಳೆದುಕೊಂಡಿಲ್ಲವಾದ್ದರಿಂದ ಅವಳಿಗೆ ಸೂತಕವೂ ಇಲ್ಲ, ಸಂತಾಪ ಹೇಳಲು ಬಾಗಿಲಿಗೆ ಬರುವವರೂ ಇಲ್ಲ. ಇಂತಹ ದುಃಖವನ್ನು ಪತ್ತೇದಾರಿ ಕಥೆಯಲ್ಲಲ್ಲದೆ ಬೇರೆಲ್ಲಿ ಇಷ್ಟು ತೀಕ್ಷ್ಣವಾಗಿ ತೋರಿಸಬಹುದಿತ್ತು?

ಇಮ್ರಾನ್, ಧಾರವಾಡ
ನಾನು ವಕೀಲ. ಆದ್ದರಿಂದ 2015ರ ಎರಡನೆಯ ಸರಣಿಯ ಬಗ್ಗೆ ಸ್ವಲ್ಪ ಕೋಪದಿಂದಲೇ ಬರೆಯುತ್ತಿದ್ದೇನೆ. ಸಾಕ್ಷಿ ಹೇಳಬೇಕಾದವರೇ ತಮ್ಮ ಸರದಿಗೆ ಮುಂಚೆ ನ್ಯಾಯಾಲಯದಲ್ಲಿ ಕುಳಿತು ಬೇರೆಯವರ ಸಾಕ್ಷ್ಯ ಕೇಳುತ್ತಾರೆ. ಇದಕ್ಕೆ ಇಂಗ್ಲೆಂಡಿನ ವಕೀಲರೂ ಆಗಲೇ ಆಕ್ಷೇಪಿಸಿದ್ದರು. ಆದರೆ ಒಂದು ಅಂಶವನ್ನು ಸರಣಿ ಸರಿಯಾಗಿ ಹಿಡಿದಿದೆ. ಠಾಣೆಯಲ್ಲಿದ್ದ ಜೋ ಮೇಲೆ ಎಲಿ ಕೈಮಾಡಿದ್ದರಿಂದ ಅವನ ತಪ್ಪೊಪ್ಪಿಗೆಯನ್ನು ನ್ಯಾಯಾಧೀಶರು ತಿರಸ್ಕರಿಸುತ್ತಾರೆ. ನಮ್ಮಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತೆಯೇ ಇಲ್ಲ. ಅಲ್ಲಿ ಅದು ಸಾಕ್ಷ್ಯವಾಗಬಲ್ಲದು, ಆದರೆ ದಬ್ಬಾಳಿಕೆಯಿಂದ ಪಡೆದದ್ದಲ್ಲ ಎಂದು ಪ್ರಾಸಿಕ್ಯೂಷನ್ ಸಾಬೀತುಪಡಿಸದಿದ್ದರೆ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯ ಪ್ರಕಾರ ಅದನ್ನು ಹೊರಗಿಡಬೇಕಾಗುತ್ತದೆ. ಅಂದರೆ ಎಲಿಯ ಸಂಕಟ ಸ್ಫೋಟಿಸಿದ ಒಂದು ಗಳಿಗೆಯೇ ಬೆತ್‌ಗೆ ಸಿಗಬೇಕಾದ ನ್ಯಾಯಕ್ಕೆ ಅಡ್ಡ ಬರುತ್ತದೆ. ಆಮೇಲೆ ಪಾಟೀ ಸವಾಲಿನಲ್ಲಿ, ಕೊಂದವನು ತಂದೆಯೇ ಇರಬಹುದಲ್ಲವೇ ಎಂಬ ಸುಳಿವನ್ನು ಜ್ಯೂರಿಯ ಮುಂದೆ ಹರಡುತ್ತಾರೆ. ಆರೋಪಿ ಖುಲಾಸೆಯಾಗುತ್ತಾನೆ. ಬಹಳ ಜನ ಈ ಸರಣಿಯನ್ನು ಬೈದರು. ಪ್ರಕ್ರಿಯೆಯ ತಪ್ಪುಗಳಿಗಾಗಿ ನಾನೂ ಬೈಯುತ್ತೇನೆ, ಖುಲಾಸೆಗಾಗಿ ಅಲ್ಲ.

ನಾಗರತ್ನ, ಲೀಡ್ಸ್
ಇಮ್ರಾನ್ ಅವರೇ, ಆ ಖುಲಾಸೆ ಇಲ್ಲದಿದ್ದರೆ 2017ರ ಮೂರನೆಯ ಸರಣಿಯ ಮಾರ್ಕ್ ನಮಗೆ ಸಿಗುತ್ತಿರಲಿಲ್ಲ. ಬೆತ್ ಅತ್ಯಾಚಾರಕ್ಕೊಳಗಾದವರ ನೆರವಿಗೆ ನಿಲ್ಲುವ ಕೆಲಸ ಹಿಡಿದಿರುತ್ತಾಳೆ. ಮಾರ್ಕ್‌ಗೆ ಮುಂದೆ ಹೋಗಲು ಆಗುವುದಿಲ್ಲ. ಜೋನನ್ನು ಹುಡುಕಿಕೊಂಡು ಹೋಗುತ್ತಾನೆ, ಎದುರಿಗೆ ಸಿಕ್ಕರೂ ಏನೂ ಮಾಡಲಾಗದೆ ಮರಳುತ್ತಾನೆ, ಸಮುದ್ರದಲ್ಲಿ ಜೀವ ಬಿಡಲು ಹೊರಟು ಬದುಕುಳಿಯುತ್ತಾನೆ, ಕೊನೆಗೆ ಊರನ್ನೇ ಬಿಡುತ್ತಾನೆ. ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಸಾವಿನ ಮನೆಯಲ್ಲಿ ಹೇಳಿ ಬರುವ ನಮ್ಮಂತಹವರು ನೋಡಬೇಕಾದ ಪಾತ್ರವದು.

ವಸುಧಾ ಕೆ.
ಮಾರ್ಕ್‌ನ ಪಾತ್ರ ಗಟ್ಟಿಯಾಗಿದೆ ಎಂಬ ನಿಮ್ಮ ಮಾತನ್ನು ನಂಬುತ್ತೇನೆ. ಆದರೆ ನೀವೇ ಹೇಳಿದಂತೆ ಬೆತ್ ಆಗಲೇ ಕೆಲಸದಲ್ಲಿದ್ದಾಳೆ. ಮಗನನ್ನು ಕಳೆದುಕೊಂಡು, ಕೊಲೆಗಾರ ಬಿಡುಗಡೆಯಾದದ್ದನ್ನೂ ಕಂಡ ಹೆಂಗಸು ಬೇರೆಯವರ ನೋವು ಕೇಳುವ ಸ್ಥಿತಿಗೆ ಬಂದದ್ದು ಹೇಗೆ? ಆ ವರ್ಷಗಳು ಎರಡು ಸರಣಿಗಳ ನಡುವಿನ ಬಿಡುವಿನಲ್ಲಿ ಕಳೆದುಹೋದವು. ದುಃಖವೇ ಕಥೆಯ ತಿರುಳಾಗಿದ್ದರೆ ಅಲ್ಲಿ ತೋರಿಸಬೇಕಾದದ್ದು ಅದನ್ನೇ. ಆ ಜಾಗಕ್ಕೆ ಹೊಸ ಅಪರಾಧವೊಂದನ್ನೂ ಹೊಸ ಶಂಕಿತರ ಪಟ್ಟಿಯನ್ನೂ ತಂದಿಟ್ಟರು.