1968ರ ಚಾರ್ಜರ್‌ನಲ್ಲಿ ಸ್ಯಾನ್ ಹೊಸೆಯಿಂದ ಡೆಟ್ರಾಯಿಟ್‌ಗೆ: ಹೊರಡುವ ಮುಂಚೆ ಏನೇನು ನೋಡಬೇಕು?

ದೂರದಾರಿ:

ಎಲ್ಲರಿಗೂ ನಮಸ್ಕಾರ. ಗಾಡಿ 1968ರ ಡಾಡ್ಜ್ ಚಾರ್ಜರ್. ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಶುರುವಾಗುವುದು ಎಕ್ಸ್‌ಪಿ29ಎಚ್8ಬಿ ಅಂತ, ಅಂದರೆ 383 ಘನ ಇಂಚಿನ, ಫೋರ್ ಬ್ಯಾರೆಲ್ ಕಾರ್ಬ್ಯುರೇಟರ್ ಇರುವ ಎಂಜಿನ್, ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ ತಯಾರಾದದ್ದು. 727 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.23, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಪಾಯಿಂಟ್ಸ್ ಇಗ್ನಿಷನ್ (ಡಿಸ್ಟ್ರಿಬ್ಯೂಟರ್ ಒಳಗೆ ಸ್ವಿಚ್‌ನಂತೆ ಕರೆಂಟು ಕಡಿದು ಕಿಡಿ ಹುಟ್ಟಿಸುವ ಹಳೇ ವ್ಯವಸ್ಥೆ) ಹಾಗೇ ಇದೆ. ಟೈರು ಪಿ225/70ಆರ್14.

ಆಗಸ್ಟ್ ಮೂರನೇ ಶನಿವಾರದ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ (ಡೆಟ್ರಾಯಿಟ್‌ನ ಹಳೇ ಗಾಡಿಗಳ ಮೆರವಣಿಗೆ) ಗಾಡಿ ಓಡಿಸಿಕೊಂಡೇ ಹೋಗಬೇಕು ಅಂತಿದೆ. ಟ್ರೇಲರ್ ಬೇಡ. ಐ-80 ಹೆದ್ದಾರಿ ಹಿಡಿದರೆ ಸುಮಾರು 2,400 ಮೈಲಿ. ಹೆಂಡತಿ, ಒಂಬತ್ತು ವರ್ಷದ ಮಗಳು ಜೊತೆಗಿರುತ್ತಾರೆ. ಊರೊಳಗೆ 30-40 ಮೈಲಿ ಓಡಾಟಕ್ಕೆ ಏನೂ ತೊಂದರೆ ಇಲ್ಲ. ದಿನಕ್ಕೆ 450 ಮೈಲಿ ಓಡಿಸಿದರೆ ಮೊದಲು ಕೈಕೊಡುವುದು ಯಾವುದು? ಯಾವ ಬಿಡಿಭಾಗ ಇಟ್ಟುಕೊಳ್ಳಬೇಕು? ನೆವಾಡಾದಲ್ಲಿ ಐ-80 ಬಿಟ್ಟು ಯುಎಸ್ 50 ಹೆದ್ದಾರಿಯಲ್ಲಿ ಹೋಗಬಹುದಾ?

ತಾಮ್ರತಂತಿ:

ಎಂಜಿನ್ ಬಗ್ಗೆ ಅಷ್ಟು ಚಿಂತೆ ಬೇಡ. 383 ಗಟ್ಟಿ ಎಂಜಿನ್. ಈ ಗಾಡಿಗಳು ದಾರಿಯಲ್ಲಿ ನಿಲ್ಲುವುದು ವೈರಿಂಗ್‌ನಿಂದ. ಅದರಲ್ಲೂ ಎರಡು ಜಾಗ.

ಮೊದಲನೆಯದು ಬ್ಯಾಲಸ್ಟ್ ರೆಸಿಸ್ಟರ್, ಅಂದರೆ ಇಗ್ನಿಷನ್ ಕಾಯಿಲ್‌ಗೆ ಹೋಗುವ ಕರೆಂಟು ತಗ್ಗಿಸುವ ಭಾಗ. ಫೈರ್‌ವಾಲ್ (ಎಂಜಿನ್ ಮತ್ತು ಸೀಟಿನ ನಡುವಿನ ತಗಡು ಗೋಡೆ) ಮೇಲೆ ಒಂದೇ ಸ್ಕ್ರೂನಲ್ಲಿ ಕೂತಿರುವ ಬಿಳಿ ಪಿಂಗಾಣಿ ತುಂಡು, ಒಳಗೆ ಸುರುಳಿ ತಂತಿ, ತುದಿಗೊಂದು ವೈರು. ಅದು ಸುಟ್ಟರೆ ಲಕ್ಷಣ ಒಂದೇ: ಕೀ ತಿರುಗಿಸಿದಾಗ ಎಂಜಿನ್ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ಕ್ಷಣ ಸತ್ತುಹೋಗುತ್ತದೆ. ಸ್ಟಾರ್ಟರ್ ತಿರುಗುವಾಗ ಕಾಯಿಲ್‌ಗೆ ಬ್ಯಾಟರಿಯ ಕರೆಂಟು ನೇರವಾಗಿ ಹೋಗುತ್ತದೆ, ಕೀ ರನ್‌ಗೆ ಬಂದಾಗ ಮಾತ್ರ ಬ್ಯಾಲಸ್ಟ್ ಮೂಲಕ. ಹಾಗಾಗಿ ಹೀಗೆ. ಇದನ್ನು ತಿಳಿಯದವರು ಪೆಟ್ರೋಲ್ ಪಂಪು ಬಿಚ್ಚಿ ಕೂರುತ್ತಾರೆ. ಪಾಯಿಂಟ್ಸ್ ಗಾಡಿಗೆ ಸುಮಾರು ಅರ್ಧ ಓಮ್‌ನ, ಎರಡು ಪಿನ್ನಿನದು ಬೇಕು. ಎರಡು ತಗೊಂಡು ಗ್ಲೋವ್ ಬಾಕ್ಸ್‌ನಲ್ಲಿಡಿ, ಬದಲಿಸಲು ಐದು ನಿಮಿಷ ಸಾಕು. ಅದೂ ಇಲ್ಲದಿದ್ದರೆ ಎರಡು ಪಿನ್ನಿಗೂ ಒಂದು ವೈರ್ ತುಂಡು ಜೋಡಿಸಿ ಹತ್ತಿರದ ಊರು ಸೇರಬಹುದು. ಆದರೆ ಅಷ್ಟು ದೂರ ಮಾತ್ರ. ಪೂರ್ತಿ ವೋಲ್ಟೇಜ್ ಹೋಗುತ್ತಿದ್ದರೆ ಪಾಯಿಂಟ್ಸ್ ಕಪ್ಪಾಗಿ ಸುಡುತ್ತದೆ, ಕಾಯಿಲ್ ಮುಟ್ಟಲಾರದಷ್ಟು ಕಾಯುತ್ತದೆ.

ಎರಡನೆಯದು ಬಲ್ಕ್‌ಹೆಡ್ ಕನೆಕ್ಟರ್ (ಫೈರ್‌ವಾಲ್ ದಾಟುವ ವೈರುಗಳ ಪ್ಲಗ್) ಮತ್ತು ಆಮೀಟರ್ (ಕರೆಂಟು ತೋರಿಸುವ ಮೀಟರ್). ಕ್ರೈಸ್ಲರ್‌ನವರು ಆಲ್ಟರ್ನೇಟರ್‌ನ ಕರೆಂಟನ್ನೆಲ್ಲ ಫೈರ್‌ವಾಲ್ ದಾಟಿಸಿ, ಡ್ಯಾಶ್‌ಬೋರ್ಡಿನ ಆಮೀಟರ್ ಮೂಲಕ ಹಾಯಿಸಿ, ಮತ್ತೆ ಅದೇ ಫೈರ್‌ವಾಲ್ ದಾಟಿಸಿ ಬ್ಯಾಟರಿಗೆ ತಂದಿದ್ದಾರೆ. ಐವತ್ತು ವರ್ಷ ದಾಟಿದ ಹಿತ್ತಾಳೆ ಟರ್ಮಿನಲ್ ಸಡಿಲವಾಗಿ, ಕಿಲುಬು ಹಿಡಿದು ಪ್ರತಿರೋಧ ಹೆಚ್ಚಾದಾಗ ಅಲ್ಲೇ ಬಿಸಿ. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಆ ಕನೆಕ್ಟರ್ ಎಳೆದು ನೋಡಿ. ದಪ್ಪ ಕೆಂಪು, ಕಪ್ಪು ವೈರು ಕೂರುವ ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದ್ದರೆ, ವೈರಿನ ತುದಿ ಬಾಗದೆ ಕಡ್ಡಿಯಂತೆ ಮುರಿಯುತ್ತಿದ್ದರೆ, ಅದು ಈಗಾಗಲೇ ಬೇಯುತ್ತಿದೆ ಅಂತ ಅರ್ಥ. ರಾತ್ರಿ ಹೆಡ್‌ಲೈಟು, ಹೀಟರ್ ಫ್ಯಾನು, ವೈಪರ್ ಎಲ್ಲ ಒಟ್ಟಿಗೆ ಹಾಕಿದ ದಿನ ಡ್ಯಾಶ್ ಹಿಂದಿನಿಂದ ಹೊಗೆ ಬರುವುದು ಇದರಿಂದಲೇ.

ಪರಿಹಾರ ಹೀಗಿದೆ. ಆಲ್ಟರ್ನೇಟರ್‌ನ ಔಟ್‌ಪುಟ್ ಬೋಲ್ಟಿನಿಂದ ಸ್ಟಾರ್ಟರ್ ರಿಲೇಯ ಬ್ಯಾಟರಿ ಬೋಲ್ಟಿಗೆ ನೇರವಾಗಿ 10 ಗೇಜ್ ವೈರ್ ಎಳೆಯಿರಿ, ರಿಲೇ ತುದಿಯಲ್ಲಿ 14 ಗೇಜ್ ಫ್ಯೂಸಿಬಲ್ ಲಿಂಕ್ (ಕರೆಂಟು ಮಿತಿಮೀರಿದರೆ ಫ್ಯೂಸಿನಂತೆ ಕರಗುವ ವೈರು) ಹಾಕಿ. ಲಿಂಕ್ ಇಲ್ಲದೆ ಬರೀ ವೈರ್ ಎಳೆಯಲೇಬೇಡಿ. ವೈರು ಎಲ್ಲೋ ಬಾಡಿಗೆ ತಾಗಿದರೆ ಅದನ್ನು ತಡೆಯುವುದು ಆ ಲಿಂಕ್ ಒಂದೇ. ಇದಾದ ಮೇಲೆ ಆಮೀಟರ್ ಮುಳ್ಳು ಅಷ್ಟಾಗಿ ಅಲ್ಲಾಡುವುದಿಲ್ಲ, ಅದನ್ನು ನಂಬಬೇಡಿ. ಒಂದು ವೋಲ್ಟ್‌ಮೀಟರ್ ಕೂರಿಸಿ. ಎಂಜಿನ್ ಬಿಸಿಯಾಗಿ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. 15 ದಾಟಿದರೆ ಮೊದಲು ವೋಲ್ಟೇಜ್ ರೆಗ್ಯುಲೇಟರ್ ಬಾಡಿಗೆ ಸರಿಯಾಗಿ ಅರ್ತ್ ಆಗಿದೆಯಾ ನೋಡಿ, ಬಣ್ಣ ಬಳಿದ ಫೈರ್‌ವಾಲ್ ಮೇಲೆ ಅರ್ತ್ ಸಿಗುವುದಿಲ್ಲ. ಸ್ಪೇರ್ ರೆಗ್ಯುಲೇಟರ್ ತಗೊಳ್ಳುವಾಗ 1969ರವರೆಗಿನದನ್ನೇ ಕೇಳಿ. 1970ರಿಂದ ಫೀಲ್ಡ್ ವೈರಿಂಗ್ ಬೇರೆ, ಹೊಂದುವುದಿಲ್ಲ.

ಪಾಯಿಂಟ್ಸ್ ಇರಲಿ, ಅದೇನೂ ದೋಷವಲ್ಲ. ಗ್ಯಾಪ್ 0.017 ಇಂಚು, ಡ್ವೆಲ್ (ಪಾಯಿಂಟ್ಸ್ ಮುಚ್ಚಿರುವ ಕೋನ) 30 ಡಿಗ್ರಿ. ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ. ಹಚ್ಚದಿದ್ದರೆ ಅದು ಸವೆದು ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ಹಿಂದೆ ಸರಿಯುತ್ತದೆ, ಎಂಜಿನ್ ಕಾಯತೊಡಗುತ್ತದೆ. ಆಗ ಎಲ್ಲರೂ ರೇಡಿಯೇಟರನ್ನು ಬೈಯುತ್ತಾರೆ. ಇನ್ನೊಂದು ಮಾತು: ಈಗ ಗಾಡಿಯಲ್ಲಿ ಓಡುತ್ತಿರುವ ಪಾಯಿಂಟ್ಸ್, ಕಂಡೆನ್ಸರ್, ರೋಟರ್ ಬಿಚ್ಚಿ ಡಬ್ಬಿಯಲ್ಲಿಟ್ಟು ಸ್ಪೇರ್ ಮಾಡಿಕೊಳ್ಳಿ, ಹೊಸದನ್ನು ಹಾಕಿ 300 ಮೈಲಿ ಓಡಿಸಿ ನೋಡಿ. ಇವತ್ತು ಸಿಗುವ ಹೊಸ ಕಂಡೆನ್ಸರ್‌ಗಳ ಗುಣಮಟ್ಟ ನಂಬುವಂಥದ್ದಲ್ಲ. ಹಳೆಯದು ಕೆಲಸ ಮಾಡುತ್ತದೆ ಅಂತ ನಿಮಗೆ ಆಗಲೇ ಗೊತ್ತು.

ಮೂರೆಂಟುಮೂರು:

ತಾಮ್ರತಂತಿಯವರು ಹೇಳಿದ್ದು ನೂರಕ್ಕೆ ನೂರು. ನಾನು ಬಿಸಿ ಮತ್ತು ಪೆಟ್ರೋಲಿನ ಕಡೆ ಬರುತ್ತೇನೆ.

ಗಾಡಿ ಯಾವಾಗ ಕಾಯುತ್ತದೆ ಅನ್ನುವುದೇ ಕಾರಣ ಹೇಳಿಬಿಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯೇರಿದರೆ ಫ್ಯಾನು, ಫ್ಯಾನ್ ಕ್ಲಚ್, ಶ್ರೌಡ್ (ಫ್ಯಾನಿನ ಸುತ್ತಲಿನ ಕವಚ) ಕಡೆ ನೋಡಿ. ಊರೊಳಗೆ ಸರಿಯಿದ್ದು ಹೈವೇಯಲ್ಲಿ ಮುಕ್ಕಾಲು ಗಂಟೆ ಓಡಿದ ಮೇಲೆ ಮುಳ್ಳು ಏರಿದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಇಲ್ಲವೇ ಕೆಳಗಿನ ಹೋಸ್ ಪೈಪು ಎಳೆತಕ್ಕೆ ಚಪ್ಪಟೆಯಾಗುತ್ತಿದೆ. ಬಾನೆಟ್ ತೆರೆದು ಒಬ್ಬರು 3,000 ಆರ್‌ಪಿಎಂಗೆ ಏರಿಸಲಿ, ಇನ್ನೊಬ್ಬರು ಕೆಳಗಿನ ಪೈಪ್ ನೋಡಲಿ. ಸೊರಗಿದರೆ ಒಳಗೆ ಸ್ಪ್ರಿಂಗ್ ಇರುವ ಪೈಪ್ ಹಾಕಿ. 30-40 ಮೈಲಿ ಓಡಾಟದಲ್ಲಿ ಈ ದೋಷ ಹೊರಗೆ ಬರುವುದೇ ಇಲ್ಲ, ಅದಕ್ಕೇ ಹೇಳುತ್ತಿರುವುದು. ಥರ್ಮೋಸ್ಟಾಟ್ ಕಿತ್ತು ಎಸೆಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, 180 ಡಿಗ್ರಿ ಫ್ಯಾರನ್‌ಹೀಟಿನದು ಇರಲಿ.

1968ರ ಗಾಡಿಗೆ ಕೂಲೆಂಟ್ ವಾಪಸ್ ಎಳೆದುಕೊಳ್ಳುವ ಬಾಟಲಿ ಇರಲಿಲ್ಲ, ಉಕ್ಕಿದ್ದು ನೆಲಕ್ಕೆ. ಅದಕ್ಕೇ ರೇಡಿಯೇಟರನ್ನು ಕತ್ತಿನವರೆಗೆ ತುಂಬಬಾರದು, ಒಂದು ಇಂಚು ಖಾಲಿ ಬಿಡಬೇಕು. ಬಾಟಲಿ ಜೋಡಿಸುವುದಾದರೆ ವಾಪಸ್ ಎಳೆಯುವ ವಾಲ್ವಿನ 16 ಪಿಎಸ್‌ಐ ಮುಚ್ಚಳ ಜೊತೆಗೇ ಹಾಕಿ. ಪ್ರತಿ ಪಿಎಸ್‌ಐಗೆ ಕುದಿಯುವ ಬಿಂದು ಸುಮಾರು 3 ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ. ಐ-80ರಲ್ಲಿ ಕ್ಯಾಲಿಫೋರ್ನಿಯಾದ ಡಾನರ್ ಘಟ್ಟದ ತುದಿ 7,239 ಅಡಿ, ಅಲ್ಲಿ ಮುಚ್ಚಳ ಸೋರಿದರೆ ತಕ್ಷಣ ಗೊತ್ತಾಗುತ್ತದೆ.

ನಿಮಗೆ ನಿಜವಾದ ಪರೀಕ್ಷೆ ಡಾನರ್ ಅಲ್ಲ, ಸಾಲ್ಟ್ ಲೇಕ್ ಸಿಟಿ ದಾಟಿದ ಕೂಡಲೇ ಬರುವ ಪಾರ್ಲೀಸ್ ಕಣಿವೆ. ಸುಮಾರು 4,300 ಅಡಿಯಿಂದ 7,000 ಅಡಿ ದಾಟುವವರೆಗೆ ಒಂದೇ ಸಮನೆ ಏರು. ಆಗಸ್ಟ್‌ನ ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿಗೆ ಬರದ ಹಾಗೆ ದಿನ ಹೊಂದಿಸಿ. ಹಿಂದಿನ ರಾತ್ರಿ ಊರಲ್ಲೇ ಉಳಿದು ಬೆಳಿಗ್ಗೆ ಏಳಕ್ಕೆ ಹತ್ತಿ. ಮುಳ್ಳು ಏರುತ್ತಿದ್ದರೆ ಎರಡನೇ ಗೇರ್‌ಗೆ ಇಳಿಸಿ, 45-50ರಲ್ಲಿ ಬಲಗಡೆ ಲೇನ್ ಹಿಡಿಯಿರಿ. ಪಂಪು, ಫ್ಯಾನು ಎರಡೂ ವೇಗವಾಗಿ ತಿರುಗುತ್ತವೆ, ಎಂಜಿನ್ ಮೇಲೆ ಭಾರವೂ ಕಡಿಮೆ.

ಇನ್ನು ವೇಪರ್ ಲಾಕ್, ಅಂದರೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಹರಿವು ನಿಲ್ಲುವುದು. ಲಕ್ಷಣ ಇದು: ಗ್ಯಾಸ್ ಸ್ಟೇಷನ್‌ನಲ್ಲಿ ಇಪ್ಪತ್ತು ನಿಮಿಷ ನಿಂತಿರುತ್ತೀರಿ, ಸ್ಟಾರ್ಟ್ ಆಗುತ್ತದೆ, ಅರ್ಧ ಮೈಲಿ ಹೋಗಿ ಮುಗ್ಗರಿಸಿ ನಿಲ್ಲುತ್ತದೆ. ಈಗಿನ ಶೇಕಡ 10 ಎಥೆನಾಲ್ ಪೆಟ್ರೋಲು ಬೇಗ ಆವಿಯಾಗುತ್ತದೆ, ನಿಂತ ಎಂಜಿನ್ನಿನ ಬಿಸಿಗೆ ಪಂಪು, ಪೈಪಿನಲ್ಲೇ ಗುಳ್ಳೆ ಕಟ್ಟುತ್ತದೆ. ಪೈಪಿಗೆ ಬಟ್ಟೆ ಕ್ಲಿಪ್ ಸಿಕ್ಕಿಸುವುದರಿಂದ ಏನೂ ಆಗುವುದಿಲ್ಲ. ಮೂರು ಮೂತಿಯ ಫಿಲ್ಟರ್ ಹಾಕಿ ಅದರ ಸಣ್ಣ ಮೂತಿಯಿಂದ ಟ್ಯಾಂಕಿಗೆ ರಿಟರ್ನ್ ಪೈಪ್ ಎಳೆಯಿರಿ, ಆ ಮೂತಿ ಮೇಲ್ಮುಖವಾಗಿ ಇರಬೇಕು, ಆವಿ ಮೇಲಕ್ಕೇ ಅಲ್ಲವೇ ಹೋಗುವುದು. ಕಾರ್ಬ್ಯುರೇಟರ್ ಕೆಳಗೆ ಅರ್ಧ ಇಂಚಿನ ಫಿನಾಲಿಕ್ ಸ್ಪೇಸರ್ (ಬಿಸಿ ತಡೆಯುವ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ) ಹಾಕಿ. ಏರ್ ಕ್ಲೀನರ್ ಬಾನೆಟ್‌ಗೆ ತಾಗುತ್ತದಾ ಅಂತ ಮೊದಲು ಜೇಡಿಮಣ್ಣಿನ ಉಂಡೆ ಇಟ್ಟು ಮುಚ್ಚಿ ನೋಡಿ. ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಪೆಡಲ್ ಪಂಪ್ ಮಾಡಬೇಡಿ, ಅರ್ಧ ಒತ್ತಿ ಹಿಡಿದು ತಿರುಗಿಸಿ.

ಗಾಡಿಯಲ್ಲಿರುವ ಎಲ್ಲ ರಬ್ಬರ್ ಪೆಟ್ರೋಲ್ ಪೈಪು ಬದಲಿಸಿ, ಟ್ಯಾಂಕಿನ ಹತ್ತಿರದ ಆ ಗಿಡ್ಡ ತುಂಡನ್ನೂ. ಅದನ್ನೇ ಎಲ್ಲರೂ ಮರೆಯುವುದು. ಎಥೆನಾಲ್‌ಗೆ ಹಳೇ ರಬ್ಬರ್ ಒಳಗಿನಿಂದ ಕರಗಿ, ಪುಡಿ ಬಂದು ಕಾರ್ಬ್ಯುರೇಟರ್ ಸೂಜಿಗೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಎಂಜಿನ್ನಿನ ಕಂಪ್ರೆಷನ್ ಕಾರ್ಖಾನೆ ಲೆಕ್ಕದಲ್ಲಿ 10:1. ಯೂಟಾ, ವಯೋಮಿಂಗ್‌ನ ಕೆಲವು ಬಂಕ್‌ಗಳಲ್ಲಿ ಸಾದಾ ಪೆಟ್ರೋಲು 85 ಆಕ್ಟೇನ್ ಇರುತ್ತದೆ, ಅದನ್ನು ಮುಟ್ಟಲೇಬೇಡಿ. 91 ಹಾಕಿ. ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ನಾಕ್ (ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯುವುದು) ಕಡಿಮೆ, ನೆಬ್ರಾಸ್ಕಾಗೆ ಇಳಿದ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಗೋಲಿ ಅಲ್ಲಾಡಿಸಿದ ಸದ್ದು ಕೇಳಿದರೆ ಟೈಮಿಂಗ್ ಎರಡು ಡಿಗ್ರಿ ಹಿಂದಕ್ಕೆ ತಗೊಳ್ಳಿ. ಘಟ್ಟದ ಮೇಲೆ ಮಿಶ್ರಣ ದಟ್ಟವಾಗಿ ಗಾಡಿ ಮಂದವಾಗುತ್ತದೆ. ಅದಕ್ಕಾಗಿ ಜೆಟ್ ಬದಲಿಸುವ ಗೋಜಿಗೆ ಹೋಗಬೇಡಿ, ಒಂದು ದಿನದಲ್ಲಿ ಮತ್ತೆ ಕೆಳಗಿರುತ್ತೀರಿ.

ಲೆಕ್ಕ ಒಂದು: 3.23 ಆಕ್ಸಲ್, ನಿಮ್ಮ 26.4 ಇಂಚಿನ ಟೈರಿಗೆ 65 ಮೈಲಿ ವೇಗದಲ್ಲಿ ಸುಮಾರು 2,670 ಆರ್‌ಪಿಎಂ, 80ರಲ್ಲಿ 3,290. ಆಟೊಮ್ಯಾಟಿಕ್‌ನ ಟಾರ್ಕ್ ಕನ್ವರ್ಟರ್ ಜಾರುವುದರಿಂದ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ನೆವಾಡಾ, ಯೂಟಾದಲ್ಲಿ 80ರ ಮಿತಿ ಇದೆ ಅಂತ 80ರಲ್ಲೇ ಹೋಗಬೇಕಿಲ್ಲ, 65-68ರಲ್ಲಿ ಬಿಸಿ, ಆಯಿಲ್, ಪೆಟ್ರೋಲು ಮೂರೂ ಉಳಿಯುತ್ತವೆ.

ಬಿಬಾಡಿ:

ಯುಎಸ್ 50 ಬಗ್ಗೆ ಕೇಳಿದಿರಿ. ಟ್ಯಾಂಕು 19 ಗ್ಯಾಲನ್, ಗ್ಯಾಲನ್‌ಗೆ 12 ಮೈಲಿ ಅಂತ ಹಿಡಿದು, ತಳದ ಮೂರು ಗ್ಯಾಲನ್ ಬಿಟ್ಟರೆ 190 ಮೈಲಿ. ಫಾಲನ್‌ನಿಂದ ಆಸ್ಟಿನ್‌ಗೆ ಸುಮಾರು 110, ಈಲಿಯಿಂದ ಡೆಲ್ಟಾಗೆ ಸುಮಾರು 150. ಲೆಕ್ಕಕ್ಕೆ ಸಾಲುತ್ತದೆ. ಆದರೆ ಎದುರುಗಾಳಿ ಇದ್ದರೆ ಗ್ಯಾಲನ್‌ಗೆ 10 ಕೂಡ ಬರುವುದಿಲ್ಲ, ಫೋನ್ ಸಿಗ್ನಲ್ ಇಲ್ಲದ ಹಾದಿ ಉದ್ದಕ್ಕಿದೆ. ಮಗುವನ್ನು ಕರೆದುಕೊಂಡು, ಅದೂ ಮೊದಲ ದೂರದ ಪ್ರಯಾಣಕ್ಕೆ ನನ್ನ ಮತ ಐ-80ಕ್ಕೆ. ಲವ್‌ಲಾಕ್, ವಿನ್ನೆಮಕ್ಕ, ಬ್ಯಾಟಲ್ ಮೌಂಟನ್, ಎಲ್ಕೊ, ವೆಲ್ಸ್, ಹೀಗೆ ಊರು ಸಿಗುತ್ತಲೇ ಇರುತ್ತವೆ. ಅರ್ಧ ಟ್ಯಾಂಕ್ ಆದಾಗ ತುಂಬಿಸಿ.

ಮಗಳ ವಿಷಯ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1968ರ ಹಿಂದಿನ ಸೀಟಿಗೆ ಸೊಂಟದ ಬೆಲ್ಟ್ ಮಾತ್ರ. ಬೂಸ್ಟರ್ ಸೀಟನ್ನು ಬರೀ ಸೊಂಟದ ಬೆಲ್ಟಿನ ಜೊತೆ ಬಳಸುವಂತಿಲ್ಲ, ಭುಜದ ಪಟ್ಟಿಯೂ ಇರಲೇಬೇಕು. ಮೂರು ಬಿಂದುವಿನ ಬೆಲ್ಟ್ ಹಾಕಿಸುವುದಾದರೆ ಮೇಲಿನ ಬೋಲ್ಟು ತೆಳು ತಗಡಿಗೆ ಬೀಳದೆ, ಒಳಗೆ ಬಲಪಡಿಸಿದ ಪ್ಲೇಟಿಗೆ ಕೂರಬೇಕು. ಆ ಕೆಲಸ ಬಲ್ಲವರ ಹತ್ತಿರವೇ ಮಾಡಿಸಿ. ಅಷ್ಟರಲ್ಲಿ ಆಗದಿದ್ದರೆ ತಾಯಿ, ಮಗಳು ವಿಮಾನದಲ್ಲಿ ಡೆಟ್ರಾಯಿಟ್‌ಗೆ ಬರಲಿ.

ಬ್ರೇಕು: ಡ್ರಮ್ ಒಂದು ಸಲಕ್ಕೆ ಚೆನ್ನಾಗಿಯೇ ಹಿಡಿಯುತ್ತದೆ, ಇಳಿಜಾರಿನಲ್ಲಿ ಒತ್ತಿಯೇ ಇಟ್ಟರೆ ಕಾದು ಹಿಡಿತ ಬಿಡುತ್ತದೆ. ಡಾನರ್ ಇಳಿಯುವ ಮೊದಲೇ ಎರಡನೇ ಗೇರ್‌ಗೆ ಹಾಕಿ. ಫ್ಲೂಯಿಡ್ ಪೂರ್ತಿ ಬದಲಿಸಿ, ಹಳೆಯದು ನೀರು ಹೀರಿಕೊಂಡಿರುತ್ತದೆ, ಬಿಸಿಗೆ ಕುದ್ದು ಪೆಡಲ್ ಮೆತ್ತಗಾಗುತ್ತದೆ. ಮುಂದಿನ ಚಕ್ರದ ಬೇರಿಂಗ್ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಿ.

727ರ ಆಯಿಲ್ ಮಟ್ಟ ನೋಡುವುದು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲಿ. ಪಾರ್ಕ್‌ನಲ್ಲಿ ಅಲ್ಲ. ಈ ಕಾಲದ 727 ಪಾರ್ಕ್‌ನಲ್ಲಿ ಕನ್ವರ್ಟರ್‌ಗೆ ಆಯಿಲ್ ಕಳಿಸುವುದಿಲ್ಲ, ಅಳತೆ ತಪ್ಪಾಗುತ್ತದೆ. ಕಾರ್ಬ್ಯುರೇಟರ್ ಬದಲಿಸಿದ್ದರೆ ಥ್ರಾಟಲ್ ಪ್ರೆಷರ್ ಲಿಂಕೇಜ್ (ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸ್‌ಗೆ ಹೋಗುವ ಕಡ್ಡಿ) ಸರಿಯಾಗಿ ಜೋಡಿಸಿದೆಯಾ ನೋಡಿ, ಅದು ಬಿಟ್ಟುಹೋದರೆ ಒತ್ತಡ ಸಾಲದೆ ಕ್ಲಚ್ ಪ್ಲೇಟ್ ಸುಡುತ್ತವೆ. ಎಂಜಿನ್ ಆಯಿಲ್ ಫಿಲ್ಟರ್ ಸೇರಿ 5 ಕ್ವಾರ್ಟ್, ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವು ಎತ್ತುವ ಭಾಗಗಳು ಉಜ್ಜಿಕೊಂಡೇ ಓಡುವ ಹಳೇ ಬಗೆ) ಆದ್ದರಿಂದ ಸತು ಹೆಚ್ಚಿರುವ, ಹಳೇ ಗಾಡಿಗಳಿಗೇ ಮಾಡಿದ ಆಯಿಲ್ ಹಾಕಿ. ಮೂರು ಕ್ವಾರ್ಟ್ ಡಿಕ್ಕಿಯಲ್ಲಿರಲಿ, ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಕಡ್ಡಿ ಎಳೆದು ನೋಡಿ.

ಹೆಡ್‌ಲೈಟ್ ಮುಚ್ಚುವ ಬಾಗಿಲು ಎಂಜಿನ್ನಿನ ವ್ಯಾಕ್ಯೂಮ್‌ನಿಂದ ತೆರೆಯುತ್ತದೆ. ಸಣ್ಣ ಪೈಪು ಸೀಳಿದ್ದರೆ ಕತ್ತಲಾದಾಗ ಅರ್ಧ ತೆರೆದು ನಿಲ್ಲುತ್ತದೆ, ಎರಡು ಮೀಟರ್ ವ್ಯಾಕ್ಯೂಮ್ ಪೈಪು ಜೊತೆಗಿರಲಿ.

ದೂರದಾರಿ:

ಎಲ್ಲರಿಗೂ ತುಂಬಾ ಧನ್ಯವಾದ. ಕನೆಕ್ಟರ್ ಬಿಚ್ಚಿ ನೋಡಿದೆ, ಕೆಂಪು ವೈರಿನ ಸುತ್ತ ಪ್ಲಾಸ್ಟಿಕ್ ಕಂದಾಗಿದೆ. ಈ ವಾರವೇ ವೈರ್ ಎಳೆಸುತ್ತೇನೆ. ಸೀಟ್ ಬೆಲ್ಟ್ ಕೆಲಸ ಮುಗಿಯದಿದ್ದರೆ ಅವರಿಬ್ಬರಿಗೆ ವಿಮಾನವೇ. ಒಂದು ಸಂಶಯ: ಟೈರಿನ ಬದಿಯಲ್ಲಿ 2314 ಅಂತಿದೆ, ಹಳ್ಳ ಇನ್ನೂ ಆಳವಾಗಿಯೇ ಇದೆ. ನಡೆಯುತ್ತದಾ?

ಬಿಬಾಡಿ:

ನಡೆಯುವುದಿಲ್ಲ. 2314 ಅಂದರೆ 2014ರ 23ನೇ ವಾರ. ಹಳ್ಳ ಎಷ್ಟೇ ಇರಲಿ, ರಬ್ಬರ್ ಒಣಗಿರುತ್ತದೆ, ಬಿಸಿ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೆ ಮೇಲಿನ ಪದರ ಸುಲಿದುಬರುತ್ತದೆ, ಫೆಂಡರನ್ನೂ ಹರಿದುಕೊಂಡು ಹೋಗುತ್ತದೆ. ಸ್ಟೆಪ್ನಿ ಸೇರಿಸಿ ಐದೂ ಬದಲಿಸಿ. 14 ಇಂಚಿನ ಟೈರು ದಾರಿಯ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಊರಲ್ಲೇ ಮುಗಿಸಿಕೊಳ್ಳಿ.

ಟೈರ್ ಅಂಗಡಿಗೆ ಹೋದಾಗ ಪಕ್ಕದಲ್ಲೇ ನಿಂತಿರಿ. 1970ರವರೆಗಿನ ಕ್ರೈಸ್ಲರ್ ಗಾಡಿಗಳಲ್ಲಿ ಡ್ರೈವರ್ ಬದಿಯ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್‌ನವು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬೋಲ್ಟಿನ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಒತ್ತಿರುತ್ತದೆ, ತುಕ್ಕು ಒರೆಸಿದರೆ ಕಾಣುತ್ತದೆ. ಗೊತ್ತಿಲ್ಲದ ಹುಡುಗ ಏರ್ ಗನ್ ಹಿಡಿದು ಎಡಕ್ಕೆ ತಿರುಗಿಸಿದರೆ ನಟ್ಟು ಇನ್ನೂ ಬಿಗಿದು ಬೋಲ್ಟು ಪಟ್ಟನೆ ಮುರಿಯುತ್ತದೆ. ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್‌ಗೆ ಅಂಟಿಸಿ, ಜ್ಯಾಕ್ ಜೊತೆಗೂ ಒಂದು ಇಡಿ. ಟೋಯಿಂಗ್ ಗಾಡಿ ಬಂದರೆ ಅವರಿಗೂ ತೋರಿಸಬೇಕಾಗುತ್ತದೆ. ಹೊಸ ಟೈರಿಗೆ 32 ಪಿಎಸ್‌ಐ, ಬೆಳಿಗ್ಗೆ ತಣ್ಣಗಿರುವಾಗ ನೋಡಿ. ಐವತ್ತು ಮೈಲಿ ಓಡಿಸಿ ನಟ್ಟುಗಳನ್ನು ಕೈ ಸ್ಪ್ಯಾನರ್‌ನಲ್ಲಿ ಮತ್ತೊಮ್ಮೆ ಬಿಗಿ ಮಾಡಿ, ಎಡ ಬದಿಯದು ಎಡಕ್ಕೆ.