9 ಎಂಎಂ ರೀಲೋಡಿಂಗ್: ಪ್ರೈಮರ್ ಪೂರ್ತಿ ಕೂರುತ್ತಿಲ್ಲ, ಕೆಲವು ಜಜ್ಜಿಹೋಗುತ್ತಿವೆ

ಡಲ್ಲಾಸ್_ಗೌಡ

ಹಾರಿಸಿದ ಗುಂಡಿನ ಖಾಲಿ ಕೇಸ್‌ಗೆ ಹೊಸ ಪ್ರೈಮರ್ (ಏಟು ಬಿದ್ದಾಗ ಮದ್ದು ಹೊತ್ತಿಸುವ ಸಣ್ಣ ಬಟ್ಟಲು), ಮದ್ದು, ಬುಲೆಟ್ ಹಾಕಿ ಮತ್ತೆ ಗುಂಡು ಮಾಡುತ್ತಿದ್ದೇನೆ. ಪ್ರೆಸ್ ನಾಲ್ಕು ಸ್ಟೇಷನ್‌ನ ಪ್ರೋಗ್ರೆಸಿವ್, ಶೆಲ್‌ಪ್ಲೇಟ್ (ಕೇಸ್‌ಗಳನ್ನು ಹಿಡಿದುಕೊಳ್ಳುವ ತಟ್ಟೆ) ಕೈಯಲ್ಲಿ ತಿರುಗಿಸುವ ಮಾದರಿ, ಹ್ಯಾಂಡಲ್ ಮುಂದಕ್ಕೆ ಒತ್ತಿದಾಗ ಪ್ರೈಮರ್ ಕೂರುತ್ತದೆ. ಕೇಸ್‌ಗಳು ರೇಂಜ್‌ನಲ್ಲಿ ಆರಿಸಿದ ಬೆರಕೆ ಹಿತ್ತಾಳೆ. ಪ್ರೈಮರ್ ಸಿಸಿಐ 500 (ಸ್ಮಾಲ್ ಪಿಸ್ಟಲ್).

ತೊಂದರೆ ಮೂರು ಥರ. ಕೆಲವು ಪ್ರೈಮರ್ ಕೇಸಿನ ತಳಕ್ಕಿಂತ ಮೇಲೇ ನಿಲ್ಲುತ್ತವೆ, ಬೆರಳು ಸವರಿದರೆ ತಟ್ಟುತ್ತದೆ. ಅಂಥವು ಮೊದಲ ಏಟಿಗೆ ಹಾರುವುದಿಲ್ಲ, ಎರಡನೇ ಏಟಿಗೆ ಹಾರುತ್ತವೆ. ಕೆಲವು ಪಾಕೆಟ್ (ಕೇಸಿನ ತಳದಲ್ಲಿ ಪ್ರೈಮರ್ ಕೂರುವ ಗುಳಿ) ಬಾಯಲ್ಲೇ ಸಿಕ್ಕಿ ಜಜ್ಜಿಹೋಗುತ್ತವೆ. ಅಪರೂಪಕ್ಕೆ ಒಂದೊಂದು ಅಡ್ಡಡ್ಡ ಕೂತಿರುತ್ತದೆ. ಪ್ರೆಸ್ ನೋಡಬೇಕೋ, ಕೇಸ್ ನೋಡಬೇಕೋ?

ಹಿತ್ತಾಳೆ_ಪಂಡಿತ

ಮೂರಕ್ಕೂ ಕಾರಣ ಒಂದೇ ಅಂತ ಹುಡುಕಬೇಡಿ, ಬೇರೆ ಬೇರೆ. ಬಾಯಲ್ಲೇ ಸಿಕ್ಕಿ ಜಜ್ಜುವುದು ಬಹುಪಾಲು ಕೇಸಿನ ದೋಷ. ಪ್ರೆಸ್ ಮುಟ್ಟುವ ಮೊದಲು ಕೇಸ್‌ಗಳನ್ನು ಹೆಡ್‌ಸ್ಟ್ಯಾಂಪ್ (ತಳದ ಮೇಲಿನ ಮುದ್ರೆ) ನೋಡಿ ಬೇರ್ಪಡಿಸಿ. ವೃತ್ತದೊಳಗೆ ಕೂಡುವ ಚಿಹ್ನೆ ಇದ್ದರೆ ಅದು ನೇಟೋ ಮಾಲು. ಮಿಲಿಟರಿಗೆ ಮಾಡಿದ ಕೇಸ್‌ಗಳಲ್ಲಿ ಪ್ರೈಮರ್ ಕಳಚದಿರಲಿ ಅಂತ ಪಾಕೆಟ್ ಅಂಚನ್ನು ಒಳಕ್ಕೆ ಒತ್ತಿ ಕ್ರಿಂಪ್ ಮಾಡಿರುತ್ತಾರೆ. ಹಳೇ ಪ್ರೈಮರ್ ಹೊರಬಿದ್ದರೂ ಆ ಅಂಚು ಹಾಗೇ ಉಳಿದು, ಹೊಸದಕ್ಕೆ ಅಡ್ಡ ನಿಲ್ಲುತ್ತದೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಪಾಕೆಟ್ ಸುತ್ತ ಒತ್ತಿದ ಉಂಗುರ ಕಾಣುತ್ತದೆ. ಕ್ರಿಂಪ್ ಇಲ್ಲದ ಕೇಸಿನಲ್ಲಿ ಅಂಚು ಸ್ವಲ್ಪ ಗುಂಡಗೆ ಇರುತ್ತದೆ.

ತೆಗೆಯುವ ದಾರಿ ಎರಡು: ಸ್ವೇಜ್ ಮಾಡುವುದು, ಅಂದರೆ ಉಕ್ಕಿನ ಬಟನ್ ಒತ್ತಿ ಅಂಚನ್ನು ಹಿಂದಕ್ಕೆ ತಳ್ಳುವುದು, ಇಲ್ಲವೇ ರೀಮರ್‌ನಿಂದ ಕೆರೆಯುವುದು. ನನ್ನ ಮತ ಸ್ವೇಜ್‌ಗೆ. ಲೋಹ ಕಡಿಮೆಯಾಗುವುದಿಲ್ಲ. ರೀಮರ್ ಹಿಡಿದರೆ ಕ್ರಿಂಪ್ ಹೋದ ಕೂಡಲೇ ನಿಲ್ಲಿಸಬೇಕು. ಸ್ಮಾಲ್ ಪ್ರೈಮರ್ ವ್ಯಾಸ ಸುಮಾರು 0.175 ಇಂಚು, ಪಾಕೆಟ್ ಅದಕ್ಕಿಂತ ಒಂದೆರಡು ಥೌ (ಇಂಚಿನ ಸಾವಿರದ ಒಂದು ಭಾಗ) ಮಾತ್ರ ಬಿಗಿ. ಹಿಡಿತವೆಲ್ಲ ಅಷ್ಟರಲ್ಲೇ ಇದೆ. ಜಾಸ್ತಿ ಕೆರೆದರೆ ಪ್ರೈಮರ್ ಸಡಿಲ, ಪಕ್ಕದಿಂದ ಗ್ಯಾಸ್ ಸೋರುತ್ತದೆ, ಕೇಸ್ ಗುಜರಿಗೆ.

ಇನ್ನೊಂದು: ಡಿಕ್ಯಾಪ್ ಮಾಡುವಾಗ, ಅಂದರೆ ಹಳೇ ಪ್ರೈಮರ್ ಹೊರತಳ್ಳುವಾಗ, ಪಿನ್ನು ಹಳೇ ಪ್ರೈಮರಿನ ತಳ ಮಾತ್ರ ತೂತು ಮಾಡಿ, ಅದರ ಗೋಡೆ ಬಳೆಯಂತೆ ಪಾಕೆಟ್‌ನಲ್ಲೇ ಉಳಿಯುವುದುಂಟು. ಆ ಮೇಲೆ ಹೊಸದು ಕೂರಿಸಲು ಹೋದರೆ ಜಜ್ಜದೆ ಇನ್ನೇನಾಗುತ್ತದೆ!

ಮಂಗ್ಳೂರ್_ಮೆಕ್ಯಾನಿಕ್

ಕೇಸಿನ ಮಾತು ಸರಿ. ಆದ್ರೆ ಕ್ರಿಂಪ್ ಇಲ್ಲದ ಕೇಸಿನಲ್ಲೂ ಪ್ರೈಮರ್ ಮೇಲೆ ನಿಂತ್ರೆ ಅದು ಪ್ರೆಸ್ಸಿನ ಕಥೆ ಮಾರಾಯ್ರೆ. ಮೊದಲು ಶೆಲ್‌ಪ್ಲೇಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ರೆ, ನೀವು ಪ್ರೈಮರ್ ಒತ್ತುವಾಗ ಪ್ಲೇಟೇ ಮೇಲಕ್ಕೆ ವಾಲುತ್ತದೆ, ಅಷ್ಟು ಆಳ ಪ್ರೈಮರಿಗೆ ಸಿಗುವುದಿಲ್ಲ. ಲಾಕ್ ಮಾಡುವ ಸಣ್ಣ ಸೆಟ್ ಸ್ಕ್ರೂ ಸಡಿಲಿಸಿ. ನಡುವಿನ ಬೋಲ್ಟ್ ಪ್ಲೇಟ್ ತಿರುಗದಷ್ಟು ಬಿಗಿ ಮಾಡಿ, ಆ ಮೇಲೆ ಪ್ಲೇಟ್ ಸಲೀಸಾಗಿ ತಿರುಗುವಷ್ಟೇ ಹಿಂದಕ್ಕೆ ಬಿಡಿ. ಸೆಟ್ ಸ್ಕ್ರೂ ಮತ್ತೆ ಬಿಗಿ. ಈ ಸ್ಕ್ರೂ ಮರೆತರೆ ಬೋಲ್ಟ್ ತಾನೇ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಪ್ಲೇಟ್ ಬಿಚ್ಚಿದಾಗ ಅದರಡಿ ಹಿತ್ತಾಳೆ ಚೂರು, ಮದ್ದಿನ ಕಾಳು ಇದ್ರೆ ಒರೆಸಿ. ಪ್ರೈಮರ್ ಪಂಚ್ ತುದಿ ಸವೆದಿದ್ಯಾ, ಓರೆಯಾಗಿದ್ಯಾ ನೋಡಿ.

ಪ್ರೆಸ್ ಕೂರಿಸಿದ ಬೆಂಚನ್ನೂ ನೋಡಿ. ಹ್ಯಾಂಡಲ್ ಮುಂದಕ್ಕೆ ಒತ್ತುವಾಗ ಬೆಂಚ್ ಗೋಡೆ ಕಡೆ ವಾಲಿದ್ರೆ ನಿಮ್ಮ ಅರ್ಧ ಬಲ ಮರಕ್ಕೇ ಹೋಯ್ತು, ಕೈಗೆ ಮಾತ್ರ "ಕೂತಿತು" ಅಂತ ಅನಿಸ್ತದೆ. ಬೆಂಚನ್ನು ಗೋಡೆಗೆ ಬೋಲ್ಟ್ ಮಾಡಿ.

ಅಡ್ಡ ಬೀಳುವುದು ಸ್ಲೈಡಿನ, ಅಂದ್ರೆ ಕೊಳವೆಯಿಂದ ಒಂದೊಂದೇ ಪ್ರೈಮರ್ ತರುವ ಪಟ್ಟಿಯ, ಸಮಸ್ಯೆ. ಕೊಳವೆಯ ತುದಿಯ ಪ್ಲಾಸ್ಟಿಕ್ ತುಟಿ ಸೀಳಿದ್ಯಾ, ಸ್ಲೈಡ್ ಹಿಂದೆ ಹೋದಾಗ ಕಪ್ ಸರಿಯಾಗಿ ಕೊಳವೆಯ ಅಡಿಯಲ್ಲೇ ನಿಲ್ತದಾ, ಈ ಎರಡು ನೋಡಿ. ಸ್ಲೈಡ್ ಸಿಕ್ಕಿಹಾಕಿಕೊಂಡ್ರೆ ಹ್ಯಾಂಡಲ್ ಜೋರಾಗಿ ಎಳೀಬೇಡಿ. ಕೊಳವೆ ತುಂಬಿದ್ರೆ ಅದರಲ್ಲಿ 100 ಪ್ರೈಮರ್ ಒಂದರ ಮೇಲೊಂದು ಇರ್ತವೆ, ಒಂದು ಹಾರಿದ್ರೆ ಎಲ್ಲವೂ ಹಾರಬಹುದು. ಸುತ್ತ ಉಕ್ಕಿನ ಕವಚ ಇಟ್ಟಿರುವುದೇ ಅದಕ್ಕೆ. ಮೊದಲು ಕೊಳವೆ ಖಾಲಿ ಮಾಡಿ, ಆ ಮೇಲೆ ಬಿಚ್ಚಿ. ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ.

ಡಲ್ಲಾಸ್_ಗೌಡ

ಬೇರ್ಪಡಿಸಿ ನೋಡಿದೆ. ಜಜ್ಜುವುದು ನೇಟೋ ಕೇಸ್‌ಗಳಲ್ಲಿ ಮಾತ್ರ. ಪ್ಲೇಟ್‌ನಲ್ಲಿ ಆಟ ಇತ್ತು, ಬಿಗಿ ಮಾಡಿದ ಮೇಲೆ ಉಳಿದವು ಸರಿಯಾಗಿ ಕೂರುತ್ತಿವೆ. ಅಡ್ಡ ಬೀಳುವುದಕ್ಕೆ ಕೊಳವೆಯ ತುದಿ ಬದಲಿಸಬೇಕು. ಈಗಾಗಲೇ ಬುಲೆಟ್ ಕೂರಿಸಿ ಮುಗಿಸಿರುವ, ಪ್ರೈಮರ್ ಎತ್ತರ ನಿಂತ ಗುಂಡುಗಳಿವೆ. ಅವನ್ನು ಮತ್ತೊಮ್ಮೆ ಪ್ರೆಸ್‌ಗೆ ಹಾಕಿ ಒತ್ತಬಹುದಾ?

ಹಿತ್ತಾಳೆ_ಪಂಡಿತ

ಬೇಡವೇ ಬೇಡ. ಮದ್ದು, ಬುಲೆಟ್ ಎರಡೂ ಇರುವ ಗುಂಡಿನ ಪ್ರೈಮರ್ ಒತ್ತುವುದೆಂದರೆ ಕೈಯಲ್ಲಿ ಹಿಡಿದು ಹಾರಿಸಲು ಹೊರಟಂತೆ. ಹಾಗೇ ಪಿಸ್ತೂಲಿಗೂ ಹಾಕಬೇಡಿ. ಸೆಮಿ ಆಟೋದಲ್ಲಿ ಎತ್ತರದ ಪ್ರೈಮರಿಗೆ ಬ್ರೀಚ್ (ಗುಂಡಿನ ಹಿಂಬದಿ ಮುಚ್ಚುವ ಭಾಗ) ಬಂದು ಬಡಿದರೆ ಟ್ರಿಗರ್ ಮುಟ್ಟದೆಯೇ ಹಾರುವ ಅಪಾಯ ಇದೆ. ರಿವಾಲ್ವರ್‌ನಲ್ಲಾದರೆ ಸಿಲಿಂಡರ್ ತಿರುಗದೆ ಕಚ್ಚಿಕೊಳ್ಳುತ್ತದೆ.

ಕೋಲೆಟ್ ಪುಲ್ಲರ್‌ನಿಂದ ಬುಲೆಟ್ ಎಳೆಯಿರಿ. ಸುತ್ತಿಗೆ ಥರ ಬಡಿಯುವ ಪುಲ್ಲರ್ ಇಂಥವಕ್ಕೆ ಬೇಡ. ಮದ್ದು ಸುರಿದುಬಿಡಿ. ಪ್ರೈಮರ್ ಜಜ್ಜಿರದಿದ್ದರೆ ಖಾಲಿ ಕೇಸಿನಲ್ಲಿ ನಿಧಾನಕ್ಕೆ, ಬಡಿಯದೆ, ಒತ್ತಿ ಕೂರಿಸಬಹುದು. ಜಜ್ಜಿದ್ದರೆ ಕೇಸನ್ನೇ ಪಕ್ಕಕ್ಕಿಡಿ.

ಎರಡನೇ ಏಟಿಗೆ ಹಾರುವುದೂ ಇದೇ ಕಾರಣಕ್ಕೆ. ಪ್ರೈಮರ್ ಒಳಗಿನ ಆ್ಯನ್ವಿಲ್ (ಏಟಿಗೆ ಅಡಿಗಲ್ಲಿನಂತೆ ಒತ್ತಾಸೆ ಕೊಡುವ ತುಂಡು) ಕಾಲುಗಳು ಪಾಕೆಟ್ ತಳ ಮುಟ್ಟಿರುವುದಿಲ್ಲ. ಮೊದಲ ಏಟಿನ ಬಲ ಪ್ರೈಮರನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ, ಎರಡನೆಯದು ಕಿಡಿ ಹೊತ್ತಿಸುತ್ತದೆ. ಫೈರಿಂಗ್ ಪಿನ್ ಸ್ಪ್ರಿಂಗ್ ಸುಮ್ಮನೆ ಬದಲಿಸಲು ಹೋಗಬೇಡಿ.

ಮಂಗ್ಳೂರ್_ಮೆಕ್ಯಾನಿಕ್

ಅಳತೆ: ಪ್ರೈಮರ್ ಕೇಸಿನ ತಳಕ್ಕಿಂತ 3ರಿಂದ 5 ಥೌ ಕೆಳಗೆ ಇರಬೇಕು. ಎಲ್ಲವನ್ನೂ ಅಳೆಯುತ್ತಾ ಕೂರುವುದು ಬೇಡ, ಬೆರಳು ಸವರಿದ್ರೆ ಸಣ್ಣ ತಗ್ಗು ಸಿಗಬೇಕು. ಮುಗಿಸಿದ ಗುಂಡುಗಳನ್ನು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎತ್ತರದ್ದು ಓಲಾಡ್ತದೆ.

ಮಾಡರೇಟರ್

ಊರಿನಿಂದ ಓದುತ್ತಿರುವವರಿಗೆ: ಈ ಚರ್ಚೆ ಅಮೆರಿಕದ ಹವ್ಯಾಸಿಗಳದ್ದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಗೌಡ್ರೆ, ಮುಂದೆ .45 ಎಸಿಪಿ ಪಿಸ್ತೂಲ್ ಗುಂಡು ಶುರು ಮಾಡಿದರೆ ಅದರಲ್ಲಿ ಸ್ಮಾಲ್, ಲಾರ್ಜ್ ಎರಡೂ ಥರದ ಪಾಕೆಟ್ ಬರುತ್ತವೆ, ಬೇರೆ ಮಾಡಿಯೇ ಹಾಕಿ. ಲಾರ್ಜ್ ರೈಫಲ್ ಪ್ರೈಮರ್ ಲಾರ್ಜ್ ಪಿಸ್ಟಲ್‌ಗಿಂತ ಎತ್ತರ. ಪೆಟ್ಟಿಗೆ ಅದಲು ಬದಲಾದರೆ ಎಷ್ಟು ಒತ್ತಿದರೂ ಮೇಲೇ ನಿಲ್ಲುತ್ತದೆ.